ಸುರುಳಿ ಮಿಷನ್ನೂ ನಮ್ಮ ಮಾವನೂ

ನಮ್ಮನೇಲಿ ಎದೆ ಝಲ್ ಅನ್ನಿಸೋ ಸಂಗತಿ ಒಂದು ನಡೆದು, ಅದರಿಂದ ಸುಧಾರಿಸಿಕೊಂಡು ಕಾಫಿ ಲೋಟ ಕೈಗೆ ತಗೊಳ್ಳೋಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತೆ. ಇವತ್ತಿಗೂ ಹಾಗೇನೇ. ಆದರೆ ಆ ಮಿಷನ್ ಬಂದ ವರ್ಷ ಬೆಚ್ಚಿಬಿದ್ದಷ್ಟು ನಾವು ಇನ್ಯಾವತ್ತೂ ಬಿದ್ದಿಲ್ಲ.

ನಮ್ಮದು ಹುಣಸೂರಲ್ಲಿ ಮರಗೆಲಸದ ಮನೆ. ಮಾವ ಹಳೇ ಕಾಲದ ಆಚಾರ್ರು. ನಮ್ಮ ಜಗಲಿಯ ಎರಡು ಸುರುಳಿ ಕಂಬ ಅವರೇ ಕೈಯಲ್ಲಿ ಕೆತ್ತಿದ್ದು. ಹಗ್ಗ ಹೊಸೆದ ಹಾಗೆ ಬುಡದಿಂದ ತುದೀವರೆಗೂ ಸುತ್ತಿಕೊಂಡು ಹೋಗ್ತವೆ. ಮನೆಗೆ ಯಾರೇ ಬರಲಿ, ಮೊದಲು ಆ ಕಂಬ ನೋಡಿ ಹೊಗಳಬೇಕು, ಆಮೇಲೇನೇ ಕಾಫಿ.

ಹೀಗಿರೋವಾಗ, ಗರಗಸ ತರ್ತೀನಿ ಅಂತ ಕೇರಳದ ಕಡೆ ಹೋದ ನಮ್ಮೆಜಮಾನ್ರು ಅಲ್ಲಿ ಮುಚ್ಚಿಹೋದ ಯಾವುದೋ ಕಾರ್ಖಾನೆಯಿಂದ ಲಾರೀಲಿ ಒಂದು ಕಂಪ್ಯೂಟರ್ ಮಿಷನ್ ಹೇರಿಸಿಕೊಂಡು ಬಂದ್ರು. ದಿಮ್ಮೀನ ಎರಡು ತುದೀಲಿ ಕಚ್ಚಿ ಹಿಡ್ಕೊಂಡು ತಾನೇ ನಿಧಾನಕ್ಕೆ ತಿರುಗಿಸುತ್ತೆ, ಮೇಲೆ ಅಡ್ಡ ತೊಲೆಗೆ ಸಿಕ್ಕಿಸಿದ ಚೂಪು ಉಳಿ ಗಿರಗಿರ ಸುತ್ತುತ್ತಾ ಉದ್ದಕ್ಕೂ ಕೆತ್ತಿಕೊಂಡು ಹೋಗುತ್ತೆ. ಮಾವ ವಾರಗಟ್ಟಲೆ ಕೂತು ಕೆತ್ತೋ ಸುರುಳಿ ಅದಕ್ಕೆ ಒಂದು ಬೆಳಗಿನ ಕೆಲಸ. ಎಜಮಾನ್ರಿಗೆ ಮೌಸ್ ಹಿಡಿಯೋಕೇ ಬರ್ತಿರಲಿಲ್ಲ. ಮದುವೆಗೆ ಮುಂಚೆ ನಾನು ಬಸ್ ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ ಅನ್ನೋ ಒಂದೇ ಕಾರಣಕ್ಕೆ ಅದು ನನ್ನ ಪಾಲಿಗೆ ಬಂತು. ಬಂದ ಮೇಲೆ ಬಿಡೋಕೆ ನನಗೇ ಮನಸ್ಸಾಗಲಿಲ್ಲ. ಮೊದಲನೇ ಸಲ ಚೌಕ ದಿಮ್ಮಿಯೊಳಗಿಂದ ಸುರುಳಿ ಎದ್ದು ಬಂದಾಗ, ನಿಜ ಹೇಳ್ತೀನಿ, ಕಣ್ಣಲ್ಲಿ ನೀರು ಬಂದಿತ್ತು.

ಮಾವನ ಕಣ್ಣಲ್ಲಿ ಮಾತ್ರ ಕೆಂಡ. ಒಂದು ಕೆಲಸ ಕೆಡಲಿ, ಮಿಷನ್ ಬಂದ ದಾರೀಲೇ ವಾಪಸ್ ಹೋಗುತ್ತೆ, ಸೊಸೆ ಅಡುಗೆಮನೆಗೆ ಹೋಗ್ತಾಳೆ ಅಂತ ಮೊದಲ ದಿನವೇ ಸಾರಿಬಿಟ್ಟಿದ್ರು.

ಬಾಳೆಕಂದಿನ ಮೆರವಣಿಗೆ

ಆಯುಧಪೂಜೆ ಬಂತು. ಮಿಷನ್ ಮೇಲೆ ಎಷ್ಟೇ ಸಿಟ್ಟಿದ್ದರೂ ಪೂಜೆ ತಪ್ಪಿಸೋ ಹಾಗಿಲ್ಲ. ಮಾವ ಮಡಿಯುಟ್ಟು, ಪೇಟ ಸುತ್ತಿ, ತಟ್ಟೆ ಹಿಡ್ಕೊಂಡು ಮಿಷನ್ ಇಟ್ಟಿದ್ದ ಹಿತ್ತಲ ಶೆಡ್ಡಿಗೆ ಬಂದ್ರು. ಎಜಮಾನ್ರು ಬೆಳಿಗ್ಗೆನೇ ಚೆಂಡು ಹೂವಿನ ಹಾರ ಹಾಕಿ, ಎರಡು ದೊಡ್ಡ ಬಾಳೆಕಂದು ತಂದು ಮಿಷನ್ನಿನ ಅಡ್ಡ ತೊಲೆಯ ಎರಡು ಕಡೆಗೂ ಬಿಗಿಯಾಗಿ ಕಟ್ಟಿದ್ರು. ನೋಡೋಕೆ ಚೆನ್ನಾಗೇ ಇತ್ತು.

ಮಂಗಳಾರತಿ ಬೆಳಗಿ ಮಾವ, ಶಾಸ್ತ್ರಕ್ಕೆ ಒಂದು ಸಲ ಆನ್ ಮಾಡವ್ವ ಅಂದ್ರು. ಮಾಡಿದೆ. ಈ ಮಿಷನ್ನಿಗೆ ಒಂದು ಅಭ್ಯಾಸ. ಕೆಲಸ ಶುರು ಮಾಡೋಕೆ ಮುಂಚೆ ಆ ಅಡ್ಡ ತೊಲೆ ತಾನಾಗೇ ನಡೆದುಕೊಂಡು ಹೋಗಿ ತನ್ನ ಮೂಲೆ ಸೇರ್ಕೊಳ್ಳುತ್ತೆ. ಅದು ನನಗೆ ಗೊತ್ತಿತ್ತು. ಬಾಳೆಕಂದು ಕಟ್ಟಿರೋದು ಆ ತೊಲೆಗೇ ಅನ್ನೋದು ಮಾತ್ರ ತಲೆಗೆ ಹೋಗಿರಲಿಲ್ಲ.

ಎರಡೂ ಬಾಳೆಗಿಡ ಒಟ್ಟಿಗೆ ಮಾವನ ಕಡೆ ಹೊರಟವು. ಮಾವ ಹೌಹಾರಿ ಒಂದು ಹೆಜ್ಜೆ ಹಿಂದೆ ಇಟ್ರು. ಬಾಳೆ ಮುಂದೆ ಬಂತು. ಅವರು ಇನ್ನೂ ಹಿಂದೆ ಹೋದ್ರು, ಬಾಳೆ ಬಿಡಲಿಲ್ಲ. ಬೆನ್ನಿಗೆ ಗೋಡೆ ತಗುಲಿದ ಮೇಲೆ ಏನು ಮಾಡೋಕೂ ತೋಚದೆ ಮಂಗಳಾರತಿ ತಟ್ಟೇನ ಅದರ ಮುಂದಕ್ಕೆ ಹಿಡಿದ್ರು. ಬಾಳೆ ಎಲೆ ಬಂದು ಕರ್ಪೂರ ಆರಿಸಿ, ಮಾವನ ಪೇಟ ಬೀಳಿಸಿ, ತಲೆ ಸವರಿ, ತನ್ನ ಮೂಲೆ ಸೇರಿ ಸುಮ್ಮನಾಯ್ತು. ನಾನು ಓಡಿಹೋಗಿ ಪೇಟ ಎತ್ತಿಕೊಂಡೆ.

ಪೂಜೆಗೆ ಬಂದಿದ್ದ ಪಕ್ಕದ ಮನೆ ಅತ್ತೆಮ್ಮ ಕೈ ಮುಗಿದು, "ಆಶೀರ್ವಾದ ಆಯ್ತು ಬುಡಿ ಆಚಾರ್ರೇ, ಇಂಗೆ ಎದ್ದು ಬಂದು ಮಾಡೋ ದೇವ್ರು ಎಲ್ಲೈತೆ" ಅಂದ್ರು.

ಕರೆಂಟ್ ಯಾಕೆ ತೆಗೀಲಿಲ್ಲ?

ಹೊಸ ಅಗ್ರಹಾರದಿಂದ ಒಬ್ಬರು ಮಗಳ ಮದುವೆಗೆ ಮಂಚ ಮಾಡಿಸೋಕೆ ಬಂದ್ರು. ನಾಲ್ಕು ಕಾಲಿಗೂ ಸುರುಳಿ ಬೇಕು ಅಂದ್ರು. ಮೊದಲನೇ ಕಾಲು ಅರ್ಧ ಆಗಿತ್ತು, ಫಟ್ ಅಂತ ಕರೆಂಟ್ ಹೋಯ್ತು. ಆ ಕಾಲದಲ್ಲಿ ಕರೆಂಟ್ ಹೋಗೋದು ಸೂರ್ಯ ಮುಳುಗಿದಷ್ಟೇ ಸಹಜ. ತೊಂದರೆ ಏನಂದ್ರೆ, ಕರೆಂಟ್ ವಾಪಸ್ ಬಂದಾಗ ಮಿಷನ್ನಿಗೆ ತಾನೆಲ್ಲಿದ್ದೆ ಅನ್ನೋದು ಮರೆತುಹೋಗಿರುತ್ತೆ. ನಾನು ಕಣ್ಣಂದಾಜಲ್ಲಿ ಹೊಂದಿಸಿ ಬಿಟ್ಟೆ. ಅದು ಅರ್ಧದವರೆಗೆ ಬಂದಿದ್ದ ಸುರುಳೀನ ಬಿಟ್ಟು ಪಕ್ಕದಲ್ಲಿ ಬೇರೆ ಸುರುಳಿ ಶುರು ಮಾಡ್ತು. ಎರಡು ಹಾವು ನಟ್ಟನಡುವೆ ಜಗಳ ಆಡಿಕೊಂಡ ಹಾಗೆ ಕಾಣ್ತಿತ್ತು ಕಾಲು.

ಮಾವ ನೋಡೋಕೆ ಮುಂಚೆ ಒಲೆಗೆ ಹಾಕೋಣ ಅಂತ ಎತ್ಕೊಂಡು ಹೊರಟರೆ, ಎದುರಿಗೇ ಆ ಗಿರಾಕಿ. ಕಾಲನ್ನ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ನಾನು ಬೈಗುಳಕ್ಕೆ ಕಾಯ್ತಾ ನಿಂತಿದ್ದೆ. ಅವರು, ಇಂಥ ಡಿಸೈನು ಇಡೀ ಕೆ.ಆರ್. ನಗರ ತಾಲ್ಲೂಕಲ್ಲೇ ಇಲ್ಲ, ಮಿಕ್ಕ ಮೂರು ಕಾಲೂ ಕೂದಲೆಳೆ ವ್ಯತ್ಯಾಸ ಇಲ್ದಂಗೆ ಹಿಂಗೇ ಬರಬೇಕು ಅಂತ ಹೇಳಿ ಹೋದ್ರು.

ಈಗ ಅದೇ ಜಾಗಕ್ಕೆ ಬಂದಾಗ ಕರೆಂಟ್ ಹೋಗಬೇಕು. ಹೋಗೋ ಹೊತ್ತು ನಮಗೆ ಬಾಯಿಪಾಠ ಆಗಿತ್ತಲ್ಲ, ಅದಕ್ಕೆ ಸರಿಯಾಗಿ ಎರಡನೇ ಕಾಲು ಏರಿಸಿ ಕೂತ್ವಿ. ಹೋಗಲಿಲ್ಲ. ಮಿಷನ್ ನಿಲ್ಲಿಸಿ ಕಾದ್ವಿ. ಮಧ್ಯಾಹ್ನ ಆಯ್ತು, ಸಂಜೆ ಆಯ್ತು, ಬಲ್ಬು ನಮ್ಮನ್ನ ಆಡಿಕೊಳ್ಳೋ ಹಾಗೆ ಉರೀತಾನೇ ಇತ್ತು. ಮಾರನೇ ದಿನವೂ ಅದೇ ಕಥೆ. ಮದುವೆ ಹತ್ತಿರ ಬರ್ತಿತ್ತು, ಮಾವ ಕಿಟಕಿಯಿಂದ ಬಗ್ಗಿ ಬಗ್ಗಿ ನೋಡ್ತಿದ್ರು. ನನಗೆ ತಡೆಯೋಕಾಗಲಿಲ್ಲ. ಕರೆಂಟ್ ಆಫೀಸಿಗೆ ಫೋನ್ ಮಾಡಿ, ಯಾಕ್ರೀ ಎರಡು ದಿನದಿಂದ ಕರೆಂಟೇ ತೆಗೀತಿಲ್ಲ ನೀವು ಅಂತ ದಬಾಯಿಸಿದೆ.

ಆ ಕಡೆಯಿಂದ ಒಂದು ಸಣ್ಣ ದನಿ, "ಏನಮ್ಮಾ, ನಾವೇನಾದ್ರೂ ತಪ್ಪು ಮಾಡಿದ್ವಾ?" ಅಂತು.

ಮನೆಯಲ್ಲೇ ಮೇನ್ ಸ್ವಿಚ್ ಇದೆ, ನಾವೇ ಆರಿಸಬಹುದು ಅನ್ನೋದು ನಮ್ಮ ಗಂಡ ಹೆಂಡತಿ ಇಬ್ಬರಿಗೂ ಹೊಳೆದದ್ದು ಫೋನ್ ಇಟ್ಟ ಮೇಲೆ.

ಮುದ್ದೆಯ ಗಂಟು

ಮಿಷನ್ನಿಗೆ ಒಂದು ಸಲ ಕೆಲಸ ಒಪ್ಪಿಸಿದ್ರೆ ಅದರ ಮುಂದೆ ಕಾವಲು ಕೂರೋ ಅಗತ್ಯ ಇಲ್ಲ. ಒಂದು ದಿನ ಕಂಬ ಏರಿಸಿ ಬಿಟ್ಟು, ಒಳಗೆ ಬಂದು ಮುದ್ದೆಗೆ ಎಸರಿಟ್ಟೆ. ಆಗ ಮಾವ ಶೆಡ್ಡಿನ ಕಡೆ ಹೋಗಿದ್ದಾರೆ. ನೋಡಿದ್ರೆ ಒಳಗೆ ನರಪಿಳ್ಳೆ ಇಲ್ಲ. ದಿಮ್ಮಿ ತಾನೇ ಮಗ್ಗುಲು ಬದಲಾಯಿಸ್ತಾ ಇದೆ, ತೊಲೆ ತಾನೇ ಓಡಾಡ್ತಾ ಇದೆ. ಮಿಷನ್ನಿಗೆ ಹುಚ್ಚು ಹಿಡಿದಿದೆ ಅಂತ ಬೀದಿಯವರನ್ನೆಲ್ಲ ಕೂಗಿ ಸೇರಿಸಿಬಿಟ್ಟರು. ಯಾರೋ ಹಗ್ಗ ತಂದ್ರು, ಕಟ್ಟಿಹಾಕೋಕೆ.

ಗದ್ದಲ ಕೇಳಿ ನಾನು ಮುದ್ದೆ ತಿರುವೋ ಕೋಲು ಹಿಡ್ಕೊಂಡೇ ಓಡಿಬಂದೆ. ಹುಚ್ಚಲ್ಲ ಮಾವ, ನಾನೇ ಹೇಳಿಟ್ಟು ಹೋಗಿದ್ದೆ, ಅದು ಹೇಳಿದ್ದು ಮಾಡ್ತಾ ಇದೆ ಅಂದೆ. ಜನ ನನ್ನ ಮುಖ, ಕೋಲು, ಕಂಬ ಮೂರನ್ನೂ ನೋಡಿ ದಂಗಾಗಿ ನಿಂತರು. ಒಲೆ ಮುಂದೆ ನಿಂತ ಹೆಂಗಸು ಹಿತ್ತಲಲ್ಲಿ ಕಂಬ ಕೆತ್ತೋದು ಅಂದ್ರೆ ಏನು ಅಂತ ಮಾವನಿಗೆ ಅರಗಲೇ ಇಲ್ಲ. ಕನ್ನಡಕ ಏರಿಸ್ಕೊಂಡು ಆ ಕಂಬದ ಇಂಚಿಂಚೂ ಹುಡುಕಿದ್ರು. ಒಂದು ತಪ್ಪೂ ಸಿಗಲಿಲ್ಲ.

ಊಟಕ್ಕೆ ಕೂತಾಗ ಸಿಕ್ತು. "ಮುದ್ದೇಲಿ ಗಂಟೈತೆ" ಅಂದ್ರು.

ಅಲ್ಲೇ ತೀರ್ಮಾನವೂ ಆಯ್ತು. ಕಂಪಲಾಪುರದ ಹೊಗೆಸೊಪ್ಪಿನ ಸಾಹುಕಾರ್ರ ಹೊಸ ಮನೆಗೆ ಬಾಗಿಲ ಮುಂದಿನ ಎರಡು ಕಂಬ ಮಾಡಿಕೊಡೋಕೆ ಮಾವ ಮಾತು ಕೊಟ್ಟಿದ್ರು. "ಅವು ಸರಿಯಾಗಿ ನಿಂತ್ರೆ ಮಿಷನ್ ಇರ್ಲಿ. ಇಲ್ದಿದ್ರೆ ಅದೂ ಇಲ್ಲ, ನಿಂಗೆ ಆ ಶೆಡ್ಡೂ ಇಲ್ಲ" ಅಂದ್ರು. ಎಜಮಾನ್ರು ತಲೆ ಬಗ್ಗಿಸಿಕೊಂಡು ಗಂಟು ನುಂಗ್ತಿದ್ರು.

ಕಂಪಲಾಪುರದ ಕಂಬ

ಒಳ್ಳೆ ತೇಗ. ನಾನು ಹಿಂದೆಂದೂ ಅಷ್ಟು ಜೋಪಾನವಾಗಿ ಕೆಲಸ ಮಾಡಿರಲಿಲ್ಲ. ಎರಡೂ ಕಂಬ ಅವಳಿ ಮಕ್ಕಳ ಹಾಗೆ ಬಂದ್ವು. ಗೃಹಪ್ರವೇಶದ ಹಿಂದಿನ ದಿನ ಹಳೇ ಸೀರೆ ಸುತ್ತಿ, ಗೂಡ್ಸ್ ಆಟೋಲಿ ಮಲಗಿಸಿ, ಮಾವ, ಎಜಮಾನ್ರು, ನಾನು ಮೂವರೂ ಹೋದ್ವಿ.

ಕಂಬ ನಿಲ್ಲಿಸಿದ್ರು. ಸಾಹುಕಾರ್ರು ಖುಷಿಯಾದ್ರು, ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಅವರ ತಾಯಿ, ವಯಸ್ಸಾದ ಅಜ್ಜಿ, ಹೊರಗೆ ಬಂದ್ರು. ಕಂಬದ ಬುಡದಲ್ಲಿ ಸುರುಳಿಯ ಗೀರಿಗೆ ಬೆರಳಿಟ್ಟು, ಅದು ಹೋದ ಕಡೆಗೇ ಬೆರಳು ಜಾರಿಸ್ತಾ, ಕಂಬ ಸುತ್ತುತ್ತಾ ಹೋದ್ರು. ಸ್ವಲ್ಪ ದೂರ ಹೋಗಿ ಬೆರಳು ಸುಟ್ಟ ಹಾಗೆ ಕೈ ತೆಗೆದ್ರು.

"ಅಪ್ರದಕ್ಷಿಣೆ ಕಣ್ಲಾ ಇದು" ಅಂದ್ರು. "ಲಕ್ಷ್ಮಿ ಬರೋ ಬಾಗ್ಲಲ್ಲಿ ಅಪ್ರದಕ್ಷಿಣೆನಾ?"

ಮಾವ ಬಂದು ತಾವೂ ಬೆರಳಿಟ್ಟು ಸುತ್ತಿದ್ರು. ಹೌದು, ಎಡಕ್ಕೆ ಸುತ್ತಿ ಹತ್ತುತ್ತಿತ್ತು. ಮಿಷನ್ನಿನಲ್ಲಿ ಯಾವ ಕಡೆಗೆ ತಿರುಗಿಸಬೇಕು ಅನ್ನೋದು ಕೇರಳದವರು ಇಟ್ಟ ಹಾಗೇ ಇತ್ತು, ನನಗೆ ಅದು ಯೋಚನೆಗೇ ಬಂದಿರಲಿಲ್ಲ. ಮಾವ ನನ್ನ ಕಡೆ ತಿರುಗಿ, ನಮ್ಮನೆ ಜಗಲಿ ಕಂಬ ನೋಡು, ಎರಡೂ ಪ್ರದಕ್ಷಿಣೆಯಾಗೇ ಹತ್ತುತ್ತವೆ, ಕೈಕೆಲಸ ಅಂದ್ರೆ ಅದು ಅಂತ ಅಷ್ಟು ಜನರ ಮುಂದೆ ಹೇಳಿದ್ರು. ನೆಲ ಬಾಯಿ ಬಿಡಬಾರದಾ ಅನ್ನಿಸ್ತು ನನಗೆ.

ಸಾಹುಕಾರ್ರೇ ಉಪಾಯ ಹೇಳಿದ್ರು. ಕಂಬದ ಬುಡ, ತುದಿ ಎರಡೂ ಒಂದೇ ಥರ ಇದೆಯಲ್ಲ, ತಲೆಕೆಳಗು ಮಾಡಿ ನಿಲ್ಲಿಸಿದ್ರೆ ಆಯ್ತು. ಎಲ್ಲರಿಗೂ ಹೌದಲ್ಲ ಅನ್ನಿಸ್ತು, ನನಗೂ. ಆಳುಗಳೆಲ್ಲ ಸೇರಿ ಉಸ್ಸಪ್ಪಾ ಅಂತ ಕಂಬ ಎತ್ತಿ, ತಿರುವಿ ಹಾಕಿ ನಿಲ್ಲಿಸಿದ್ರು. ಅಜ್ಜಿ ಬುಡದಲ್ಲಿ ಬೆರಳಿಟ್ಟು ಸುತ್ತಿದ್ರು. ಅಪ್ರದಕ್ಷಿಣೆ.

ನೀವು ಸರಿಯಾಗಿ ತಿರುಗಿಸ್ಲೇ ಇಲ್ಲ ಅಂದ್ರು ಮಾವ. ಆಳುಗಳಿಗೆ ಸಿಟ್ಟು ಬಂತು. ಮತ್ತೆ ತಿರುಗಿಸಿದ್ರು. ಅಪ್ರದಕ್ಷಿಣೆ. ಈ ಸಲ ಮೋಸ ಬೇಡ ಅಂತ ಎಜಮಾನ್ರು ತಮ್ಮ ಹೆಗಲ ಮೇಲಿನ ಟವೆಲನ್ನ ಕಂಬದ ಮೇಲ್ತುದಿಗೆ ಕಟ್ಟಿದ್ರು. ತಿರುಗಿಸಿದ್ರು. ಟವೆಲ್ ಕೆಳಗೆ ಬಂತು, ಸುರುಳಿ ಮಾತ್ರ ಅದೇ ಎಡಕ್ಕೇ ಹತ್ತುತ್ತಿತ್ತು. ಎಲ್ಲರೂ ಟವೆಲ್ ನೋಡ್ತಾರೆ, ಕಂಬ ನೋಡ್ತಾರೆ, ಒಬ್ಬರ ಮುಖ ಒಬ್ಬರು ನೋಡ್ತಾರೆ. ಇನ್ನೊಂದು ಕಂಬವನ್ನೂ ತಿರುಗಿಸಿದ್ದಾಯ್ತು. ಅದೂ ಹಂಗೇ. ಆಳೊಬ್ಬ ಮೆಲ್ಲಗೆ ಚಪ್ಪಲಿ ಮೆಟ್ಕೊಂಡು, ಇದ್ರಲ್ಲಿ ಏನೋ ಮಾಟ ಐತೆ, ನಾ ಬತ್ತೀನಿ ಅಂತ ಹೊರಟೇಹೋದ.

ಮಾವ ಜಗಲಿ ಮೇಲೆ ಕೂತುಬಿಟ್ಟರು. "ನಾಳೀಕೇ ಲಾರಿಗೆ ಹೇಳ್ಬುಡು" ಅಂದ್ರು ಮಗನಿಗೆ. ನನ್ನ ಕಡೆ ನೋಡಲೂ ಇಲ್ಲ. ಮುಖ ಮರೆಸೋಕೆ ಕಂಬದ ಹಿಂದೆ ಹೋದೆ. ಸುಮ್ಮನೆ ಮೇಲೆ ಕೈಗೆ ಎಟುಕಿದ ಕಡೆ ಬೆರಳಿಟ್ಟು, ಗೀರು ಹಿಡಿದು ಕೆಳಗೆ ಬಂದೆ. ಕಾಲು ತಾನಾಗಿ ಸುತ್ತಿತು. ಬಲಕ್ಕೆ ಸುತ್ತಿತು. ಇನ್ನೊಂದು ಸಲ ಮೇಲಿಂದ ಕೆಳಕ್ಕೆ ಬಂದು ನೋಡಿದೆ. ಬಲಕ್ಕೇ.

ದೊಡ್ಡವರ ಮುಂದೆ ಸೊಸೆ ಬಾಯಿ ತೆಗೀಬಾರದು ಅಂತ ಅಷ್ಟು ವರ್ಷ ಇದ್ದ ಭಯ ಎಲ್ಲಿ ಹೋಯ್ತೋ ಗೊತ್ತಿಲ್ಲ.

"ಅಜ್ಜೀ," ಅಂದೆ, "ಲಕ್ಷ್ಮಿ ಮನೆಗೆ ಮೇಲಿಂದ ಇಳಿದು ಬರ್ತಾಳೋ, ನೆಲದಿಂದ ಹತ್ತಿಕೊಂಡು ಹೋಗ್ತಾಳೋ?"

ಅಜ್ಜಿ ಯೋಚನೆ ಮಾಡಿದ್ರು. "ಇಳ್ದೇ ಬರ್ಬೇಕು. ಅತ್ಕಂಡು ಓದ್ರೆ ಮನೆ ಬುಟ್ಟು ಓದಂಗಲ್ವಾ?"

ಹಾಗಾದ್ರೆ ಮೇಲಿಂದ ಬೆರಳಿಟ್ಟು ಇಳಿದು ನೋಡಿ ಅಂದೆ. ಸ್ಟೂಲ್ ತರಿಸಿ, ಮಗನ ಹೆಗಲು ಹಿಡಿದು ಹತ್ತಿ, ಅಜ್ಜಿ ಮೇಲೆ ಬೆರಳಿಟ್ಟರು. ಸುತ್ತುತ್ತಾ ಇಳಿದ್ರು. ಬಲಕ್ಕೆ, ಬಲಕ್ಕೆ, ಬಲಕ್ಕೆ, ಕಂಬದ ಬುಡದವರೆಗೂ ಪ್ರದಕ್ಷಿಣೆ. ನೆಲ ಮುಟ್ಟಿದ ಬೆರಳನ್ನ ಕಣ್ಣಿಗೊತ್ತಿಕೊಂಡು ನಿಂತರು.

"ಇಷ್ಟು ಯೋಚ್ನೆ ಮಾಡಿ ಕೆತ್ತವ್ರೆ, ನೀವು ಗೂಬೆಗಳು ಕಂಬ ಉಲ್ಟಾ ಪಲ್ಟಾ ಮಾಡ್ತಾ ನಿಂತಿದ್ದೀರಾ" ಅಂತ ಮಗನಿಗೂ ಆಳುಗಳಿಗೂ ಸರಿಯಾಗಿ ಉಗಿದ್ರು. ಸಾಹುಕಾರ್ರು ಮಾವನ ಕೈ ಹಿಡಿದು, ಆಚಾರ್ರೇ ನಿಮ್ಮ ಬುದ್ಧಿಯೇ ಬುದ್ಧಿ ಅಂದ್ರು. ಮಾವ ಮೆಲ್ಲಗೆ ತಲೆ ಆಡಿಸಿದ್ರು. ಅದನ್ನೂ ನಾನು ಸಹಿಸಿಕೊಂಡೆ. ನನಗೆ ಬೇಕಾಗಿದ್ದದ್ದು ಮಿಷನ್ನು.

ವಾಪಸ್ ಬರ್ತಾ ಆಟೋಲಿ ಮಾವ ಬೆರಳನ್ನ ಗಾಳೀಲಿ ಸುತ್ತಿಸ್ತಾ ಕೂತಿದ್ರು. ಲಾರಿಗೆ ಹೇಳಲಾ ಬೇಡವಾ ಅಂತ ಎಜಮಾನ್ರು ಕೇಳಿದ್ರೆ, ಮೊದ್ಲು ಮನೆಗೆ ನಡಿ ಅಂದ್ರು. ಮನೆ ಮುಂದೆ ಇಳಿದವರು ಒಳಗೆ ಬರದೆ ಜಗಲಿಯ ತಮ್ಮ ಕಂಬದ ಹತ್ತಿರ ನಿಂತರು. ಮೇಲೆ ಬೆರಳಿಟ್ಟು ಸುತ್ತುತ್ತಾ ಇಳಿದ್ರು. ಎಡಕ್ಕೆ. ಇನ್ನೊಂದು ಕಂಬ ನೋಡಿದ್ರು. ಅದೂ ಎಡಕ್ಕೆ. ಆಮೇಲೆ ಕೆಳಗಿಂದ ಬೆರಳಿಟ್ಟು ಹತ್ತಿದ್ರು. ಪ್ರದಕ್ಷಿಣೆಯಾಗಿ, ಎಲ್ಲೂ ತಡೆಯಿಲ್ಲದೆ, ಸೀದಾ ಸೂರಿಗೆ.

ಬೆರಳನ್ನ ಅಲ್ಲೇ ಇಟ್ಕೊಂಡು ನಮ್ಮ ಕಡೆ ತಿರುಗಿದ್ರು.

"ಅಂದ್ರೆ," ಅಂದ್ರು, "ಇಷ್ಟು ವರ್ಸ ಲಕ್ಷ್ಮಿ ಓಗಕ್ಕೆ ನಾನೇ ಏಣಿ ಆಕ್ಕೊಟ್ಟಿದ್ನಾ?"

ನಾವಿಬ್ಬರೂ ನಗು ತಡೆಯೋಕೆ ಗೋಡೆ ಕಡೆ ತಿರುಗಿದ್ವಿ. ಮಾರನೇ ದಿನ ಬೆಳಿಗ್ಗೆ ನಾನು ಒಲೆ ಮುಂದೆ ನಿಂತು ಹಿಟ್ಟು ಹಾಕ್ತಾ ಇದ್ದೆ. ಮಾವ ಬಾಗಿಲಲ್ಲಿ ಬಂದು ನಿಂತ್ರು. ಹಿಂದೆ ಅಂಗಳದಲ್ಲಿ ಅವರು ಯಾವ ಕಾಲದಿಂದಲೋ ಬಚ್ಚಿಟ್ಟಿದ್ದ ತೇಗದ ದಿಮ್ಮಿ ಎರಡು ಬಿದ್ದಿದ್ವು.

"ಇವತ್ತು ಮುದ್ದೆ ಗಂಟಾದ್ರೂ ಚಿಂತಿಲ್ಲ ಕಣವ್ವಾ," ಅಂದ್ರು. "ಮೊದ್ಲು ಬಂದು ಮಿಷನ್ನಲ್ಲಿ ಈ ಕಂಬ ಇಳ್ಸು."