ಕಣ್ಣಿನ ಡಾಕ್ಟರ ಬಂದೂಕು

ಜಂಬ ಒಳ್ಳೆಯದಲ್ಲ ಎಂದು ಉಪದೇಶ ಮಾಡುವವರನ್ನು ನಾನು ನಂಬುವುದಿಲ್ಲ. ಹಾಗೆ ಹೇಳುವಾಗ ತಮಗೆ ಜಂಬ ಇಲ್ಲವೆಂಬ ಜಂಬ ಅವರ ಮುಖದಲ್ಲಿ ಎದ್ದು ಕಾಣುತ್ತಿರುತ್ತದೆ. ನನಗೆ ಆ ಮುಚ್ಚುಮರೆ ಇಲ್ಲ. ನನಗೆ ಜಂಬ ಇದೆ, ಅದೂ ಎರಡು ವಿಷಯಕ್ಕೆ. ಒಂದು, ಇಪ್ಪತ್ತು ವರ್ಷಗಳಿಂದ ಜನರ ಕಣ್ಣಿನ ಪೊರೆ ತೆಗೆಯುತ್ತಾ ಬಂದಿರುವ ನನ್ನ ಕೈ. ಇನ್ನೊಂದು, ಅಡಿಲೇಡಿನ ನಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ ನಿಂತಿರುವ ನನ್ನ ಬಂದೂಕು. ಮೊದಲನೆಯದನ್ನು ಹೇಳಿಕೊಂಡರೆ ಕೇಳಿದವರು ತಲೆದೂಗುತ್ತಾರೆ. ಎರಡನೆಯದನ್ನು ಹೇಳಿದರೆ, ಯುಗಾದಿ ಊಟದ ಸಾಲಿನಲ್ಲಿ ನನ್ನ ಹಿಂದೆ ತಟ್ಟೆ ಹಿಡಿದು ನಿಂತವರು ಮೆಲ್ಲಗೆ ಎರಡು ಹೆಜ್ಜೆ ಸರಿದುಕೊಳ್ಳುತ್ತಾರೆ.

ಅವರದೇನೂ ತಪ್ಪಿಲ್ಲ. ಮೈಸೂರಿನ ನಮ್ಮ ವಂಶದಲ್ಲಿ ಆಯುಧ ಎಂದರೆ ಈಳಿಗೆಮಣೆ. ಅದಕ್ಕೆ ಬಲಿಯಾದವರು ಬದನೆಕಾಯಿ, ಸೋರೆಕಾಯಿ ಇತ್ಯಾದಿ. ಆಯುಧಪೂಜೆಯ ದಿನ ಅಪ್ಪ ಆ ಈಳಿಗೆಮಣೆಯನ್ನು ತೊಳೆದು, ಕತ್ತರಿ, ಸ್ಕ್ರೂಡ್ರೈವರುಗಳ ಪಕ್ಕದಲ್ಲಿಟ್ಟು, ಸೈಕಲ್ಲಿಗೂ ಒಂದು ಹಾರ ಹಾಕಿ ಮಂಗಳಾರತಿ ಮಾಡುತ್ತಿದ್ದರು. ಅದೇ ಅಪ್ಪ ಜಿರಳೆ ಕಂಡರೆ ಪೊರಕೆ ತರುತ್ತೇನೆಂದು ಹೋಗಿ, ಅದು ತಾನಾಗಿ ಜಾಗ ಖಾಲಿ ಮಾಡುವವರೆಗೆ ಹಿತ್ತಲಿನಲ್ಲೇ ಇರುತ್ತಿದ್ದರು. ಇಂಥ ವೀರರ ಕುಲದಲ್ಲಿ ಹುಟ್ಟಿದವನು, ಅದೂ ಮೊಟ್ಟೆಯನ್ನೂ ಮುಟ್ಟದವನು, ಬಂದೂಕು ಯಾಕೆ ಕೊಂಡ ಎಂದು ಕೇಳಿದರೆ ನಾನು ಮಾರ್ಗರೆಟ್ ಅಜ್ಜಿಯ ಕಡೆ ಕೈ ತೋರಿಸಬೇಕಾಗುತ್ತದೆ.

ಮಾರ್ಗರೆಟ್‌ಗೆ ಎಂಬತ್ತರ ಹತ್ತಿರ ವಯಸ್ಸು. ನಗರದಿಂದ ಒಂದು ಗಂಟೆ ದೂರದಲ್ಲಿ ದ್ರಾಕ್ಷಿ ತೋಟ ಇಟ್ಟುಕೊಂಡು ಒಬ್ಬರೇ ಇರುವ ಗಟ್ಟಿ ಹೆಂಗಸು. ಎರಡೂ ಕಣ್ಣಿನ ಪೊರೆ ನಾನೇ ತೆಗೆದದ್ದು. ತಿಂಗಳಾದ ಮೇಲೆ ತೋರಿಸಲು ಬಂದವರು ಕುರ್ಚಿಯಲ್ಲಿ ಕೂತವರೇ, “ಡಾಕ್ಟರೇ, ನೀವು ಆಪರೇಷನ್ ಮಾಡೋಕೆ ಮುಂಚೆ ನನ್ನ ತೋಟದಲ್ಲಿ ಒಂದೇ ಒಂದು ಮೊಲ ಇರಲಿಲ್ಲ. ಈಗ ಎಲ್ಲಿ ನೋಡಿದರೂ ಮೊಲ!” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಅರ್ಧ ಎಕರೆಯಲ್ಲಿ ಹೊಸ ಬಳ್ಳಿ ನೆಟ್ಟಿದ್ದರಂತೆ. “ಇದು ನನ್ನ ಕೊನೇ ನೆಡುವಿಕೆ. ಇದರ ಹಣ್ಣು ತಿಂದೇ ಹೋಗಬೇಕು ಅಂತ ಆಸೆ. ಚಿಗುರು ಬಂದ ಹಾಗೆ ಮೊಲಗಳು ಬೋಳಿಸ್ತಾ ಇವೆ. ಗಂಡ ಹೋದ ಮೇಲೆ ಅವನ ಬಂದೂಕು ಪೊಲೀಸರಿಗೆ ಒಪ್ಪಿಸಿಬಿಟ್ಟೆ. ನನ್ನ ಭುಜಕ್ಕೂ ಈಗ ಶಕ್ತಿ ಇಲ್ಲ. ಮೊಲ ತೋರಿಸಿದವರು ನೀವು, ಅದಕ್ಕೊಂದು ದಾರೀನೂ ನೀವೇ ತೋರಿಸಿ” ಎಂದರು.

ತಮಾಷೆಗೆ ಅಂದರೋ ಏನೋ. ನಾನು ಮಾತ್ರ ಗಂಭೀರವಾಗಿ ತೆಗೆದುಕೊಂಡೆ. ಈ ದೇಶದಲ್ಲಿ ‘ಮನೇಲಿ ಒಂದಿರಲಿ’ ಎಂದು ಬಂದೂಕು ಕೊಳ್ಳುವ ಹಾಗಿಲ್ಲ. ತಕ್ಕ ಕಾರಣ ಬೇಕು, ಪಾಠ ಕಲಿಯಬೇಕು, ಲೈಸೆನ್ಸ್ ಬೇಕು, ನೆಲಕ್ಕೆ ಬಿಗಿದ ಕಬ್ಬಿಣದ ಬೀರು ಬೇಕು. ಕಾರಣಕ್ಕೆ ಮಾರ್ಗರೆಟ್ ಒಂದು ಅನುಮತಿ ಕಾಗದ ಬರೆದುಕೊಟ್ಟರು, ಜೊತೆಗೊಂದು ಷರತ್ತು ಹಾಕಿದರು. “ಎಂಬತ್ತು ಮೀಟರ್ ದೂರದಿಂದ ಐದು ಗುಂಡು ಹೊಡೀಬೇಕು. ಐದೂ ಇಪ್ಪತ್ತು ಸೆಂಟಿನ ನಾಣ್ಯದ ಅಗಲದೊಳಗೆ ಬೀಳಬೇಕು. ಆಮೇಲೆ ಮೊಲದ ಮಾತು. ಯಾವ ಪ್ರಾಣೀನೂ ಅರೆಜೀವವಾಗಿ ಒದ್ದಾಡೋದನ್ನ ನಾನು ನೋಡಲಾರೆ. ಆಗಲ್ಲ ಅಂದರೆ ಕಾಗದ ವಾಪಸ್ಸು ಕೊಡಿ, ಬೇರೆಯವರನ್ನ ನೋಡ್ಕೋತೀನಿ.” ಕೂದಲೆಳೆಯ ಲೆಕ್ಕದಲ್ಲಿ ಕಣ್ಣು ಕೊಯ್ಯುವವನಿಗೆ ಇಂಥ ಮಾತು! ಇಪ್ಪತ್ತೇಕೆ, ಐದು ಸೆಂಟಿನ ನಾಣ್ಯದಲ್ಲೇ ಹೊಡೆಯುತ್ತೇನೆ ಎಂದುಬಿಟ್ಟೆ. ಅಜ್ಜಿ ಇಪ್ಪತ್ತೇ ಸಾಕು ಎಂದರು.

ಅಲ್ಲಿಂದ ಶುರುವಾಯಿತು ಬಂದೂಕಿನ ಹುಡುಕಾಟ. ನನ್ನ ಹಳೆಯ ಮೈಸೂರು ಗೆಳೆಯರು ಇಬ್ಬರು ಈ ದೇಶದಲ್ಲಿದ್ದಾರೆ. ಪರ್ತ್‌ನ ವಿಲೆಟನ್ನಿನಲ್ಲಿ ಗಣಿ ಇಂಜಿನಿಯರ್ ಸತೀಶ, ಬ್ರಿಸ್ಬೇನಿನ ನಾರ್ತ್ ಲೇಕ್ಸಿನಲ್ಲಿ ಮಕ್ಕಳ ಡಾಕ್ಟರ್ ಇಕ್ಬಾಲ್. ನಮ್ಮ ಮೂವರ ವಾಟ್ಸಾಪ್ ಗುಂಪಿನಲ್ಲಿ ಅಲ್ಲಿಯವರೆಗೆ ಬರುತ್ತಿದ್ದದ್ದು ಬಾಳೆಎಲೆ ಎಲ್ಲಿ ಸಿಗುತ್ತದೆ ಎಂಬ ಚರ್ಚೆ. ಈಗ ನಳಿಗೆಯ ದಪ್ಪ, ಟ್ರಿಗರಿನ ಹಗುರ, ಗುರಿ ನೋಡಲು ಮೇಲೆ ಕೂರಿಸುವ ದುರ್ಬೀನಿನ ಬಲ. ಇಬ್ಬರೂ ಜೀವಮಾನದಲ್ಲಿ ಬಂದೂಕು ಮುಟ್ಟಿದವರಲ್ಲ, ಆದ್ದರಿಂದ ಸಲಹೆಗೆ ಬರವಿರಲಿಲ್ಲ. ಗಣಿಯಲ್ಲಿ ಬೆಟ್ಟ ಸಿಡಿಸುವುದನ್ನು ನೋಡಿ ನೋಡಿ ಸತೀಶನಿಗೆ ಯಾವುದೂ ಸಣ್ಣದು. “ಲೋ, ತಗೊಳ್ಳೋದೇ ಆದ್ರೆ ದೊಡ್ಡದು ತಗೊಳೋ, ಸುಮ್ನೆ ಆಟದ ಸಾಮಾನು ಯಾಕೆ?” ಎಂದ. ಇಕ್ಬಾಲ್ ತಕ್ಷಣ, “ನೀನು ಹೊರಟಿರೋದು ಮೊಲಕ್ಕೋ ಟ್ಯಾಂಕಿಗೋ ಗುರೂ?” ಎಂದು ಕೇಳಿದ.

ಇಕ್ಬಾಲ್ ಹೇಳಿದ್ದೇ ಸರಿ. ನಳಿಗೆಯ ತೂತು ಇಪ್ಪತ್ತೆರಡರ ಅಳತೆಯದಿದ್ದರೆ ಬಂದೂಕು ಅಗ್ಗ, ಸದ್ದು ಕಡಿಮೆ, ಆದರೆ ದೂರ ಹೋದಂತೆ ಗುಂಡು ಸುಸ್ತಾಗಿ ಕೆಳಗಿಳಿಯುತ್ತದೆ. ದೊಡ್ಡದು ಮೊಲವನ್ನೂ ಅದರ ಹಿಂದಿನ ಬಳ್ಳಿಯನ್ನೂ ಪಕ್ಕದ ಮನೆಯವರ ನಿದ್ದೆಯನ್ನೂ ಒಟ್ಟಿಗೆ ಹಾಳುಮಾಡುತ್ತದೆ. ತೂತು ಇನ್ನೂ ಸಣ್ಣದಾದರೂ ಬಲದಲ್ಲಿ ಇವೆರಡರ ನಡುವಿನದು, ಹದಿನೇಳರ ಅಳತೆಯದು ಒಂದಿದೆ. ಗುಂಡು ಮೆಣಸಿನಕಾಳಿನಷ್ಟು ದಪ್ಪ, ಎಂಬತ್ತು ಮೀಟರಿಗೆ ಎಳೆದ ದಾರದ ಹಾಗೆ ನೇರ ಹೋಗುತ್ತದೆ. ಅದರಲ್ಲೂ ದಪ್ಪ ನಳಿಗೆಯದು, ಬೋಲ್ಟ್ ಇರುವುದು. ಬೋಲ್ಟ್ ಎಂದರೆ ಬೇರೇನಲ್ಲ, ನಮ್ಮ ಹಳೆಯ ಬಚ್ಚಲುಮನೆಯ ಚಿಲಕ. ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಆಚೆ, ಮುಂದಕ್ಕೆ ದೂಡಿ ಕೆಳಗಿಳಿಸಿದರೆ ಹೊಸದು ಒಳಗೆ. ಈ ತೀರ್ಮಾನಕ್ಕೆ ಬರಲು ನನಗೆ ಐದು ತಿಂಗಳು ಹಿಡಿಯಿತು. ನನ್ನ ಹೆಂಡತಿ ವೀಣಾ ಒಂದು ದಿನ ತಡೆಯಲಾರದೆ, “ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮುಗಿಯೋದ್ರೊಳಗೆ ಒಪ್ಕೊಂಡ್‌ಬಿಟ್ರಿ. ಇದಕ್ಕೆ ಐದು ತಿಂಗಳಾ ರೀ?” ಎಂದಳು. ಉಪ್ಪಿಟ್ಟು ಅಷ್ಟು ಚೆನ್ನಾಗಿತ್ತು ಎಂದು ಹೇಳಿ ಪಾರಾದೆ.

ಬಂದೂಕು ಬಂತು. ಗುರಿ ಹೊಡೆಯುವುದನ್ನು ಅಭ್ಯಾಸ ಮಾಡುವ ಕ್ಲಬ್ಬಿಗೆ ಒಯ್ದೆ. ಅಲ್ಲಿದ್ದ ಬಿಳಿ ಗಡ್ಡದ ಹಿರಿಯರೊಬ್ಬರು ಅದನ್ನು ಮೆಚ್ಚಿ ನೋಡಿ, “ಗ್ರೂಪ್ ಯಾವ ಥರ?” ಎಂದು ಕೇಳಿದರು. ಐದು ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದಕ್ಕೆ ಅವರ ಭಾಷೆಯಲ್ಲಿ ಗ್ರೂಪ್ ಎನ್ನುತ್ತಾರಂತೆ. ನನಗೇನು ಗೊತ್ತು? ಅಪಾಯದ ಜಾಗ, ಮುಂಜಾಗ್ರತೆಗೆ ರಕ್ತದ ಗುಂಪು ಕೇಳುತ್ತಿದ್ದಾರೆ ಎಂದುಕೊಂಡು, “ಬಿ ಪಾಸಿಟಿವ್” ಎಂದೆ. ಅವರು ನನ್ನ ಬೆನ್ನು ತಟ್ಟಿ, “ಒಳ್ಳೆ ಮಾತು, ಅದೂ ಬೇಕು” ಎಂದು ಹೊರಟುಹೋದರು. ಅದೇನೇ ಇರಲಿ, ಎರಡು ತಿಂಗಳ ಅಭ್ಯಾಸದಲ್ಲಿ ನನ್ನ ಐದೂ ಗುಂಡು ನಾಣ್ಯದೊಳಗೆ ಬೀಳತೊಡಗಿದವು. ತೂತು ಬಿದ್ದ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹಾಲು ತೆಗೆಯಲು ಹೋದವರೆಲ್ಲ ಅದನ್ನು ನೋಡಲೇಬೇಕು.

ಅಷ್ಟರಲ್ಲಿ ಆಯುಧಪೂಜೆ ಬಂತು. ವಂಶದಲ್ಲೇ ಮೊದಲ ಬಾರಿಗೆ ಮನೆಯಲ್ಲಿ ನಿಜವಾದ ಆಯುಧ! ವೀಣಾ ತೇದ ಗಂಧ, ಕುಂಕುಮ, ಹೂವು ಇದ್ದ ತಟ್ಟೆ ಹಿಡಿದು ಬಂದಳು. ನಾನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. “ಅಲ್ಲೇ ನಿಂತ್ಕೋ. ಲೈಸೆನ್ಸ್ ಇಲ್ಲದವರು ಮುಟ್ಟೋ ಹಾಗಿಲ್ಲ. ಕಾನೂನು ಅಂದ್ರೆ ಕಾನೂನು.” “ಕುಂಕುಮ ಇಡೋಕೂ ಲೈಸೆನ್ಸಾ?” ಎಂದಳು. “ಅದಕ್ಕೂ” ಎಂದೆ. ಬೋಲ್ಟ್ ತೆಗೆದಿಟ್ಟು, ತೋಟಾ ಬೇರೆ ಕಡೆ ಭದ್ರ ಮಾಡಿ, ಬೀರುವಿನ ಬಾಗಿಲು ತೆರೆದು, ಬಂದೂಕು ನಿಂತಲ್ಲೇ ನಾನೊಬ್ಬನೇ ಅಲಂಕಾರ ಮಾಡಿದೆ. ದುರ್ಬೀನಿನ ಮುಚ್ಚಳವನ್ನೂ ತೆರೆದೆ, ಫೋಟೋದಲ್ಲಿ ಲಕ್ಷಣವಾಗಿ ಕಾಣಲಿ ಎಂದು. ವೀಣಾ ದೂರದಿಂದಲೇ ಫೋಟೋ ಹೊಡೆದಳು, ನಾನು ಪರ್ತ್‌ಗೂ ಬ್ರಿಸ್ಬೇನಿಗೂ ಕಳಿಸಿದೆ. ಆಮೇಲೆ ನಳಿಗೆ, ಹಿಡಿ ಒರೆಸಿ, ಮುಚ್ಚಳ ಹಾಕಿ, ಬೀಗ ಹಾಕಿದೆ.

ಮುಂದಿನ ಭಾನುವಾರ ಮಾರ್ಗರೆಟ್ ಅವರ ತೋಟದಲ್ಲಿ ಪರೀಕ್ಷೆ. ಎಂಬತ್ತು ಮೀಟರ್ ಆಚೆ ಮಣ್ಣಿನ ದಿಬ್ಬಕ್ಕೆ ಕಾಗದ ಒರಗಿಸಿ, ಮೇಜಿನ ಮೇಲೆ ಬಂದೂಕಿಟ್ಟು, ಮುಚ್ಚಳ ಹಾರಿಸಿ, ದುರ್ಬೀನಿಗೆ ಕಣ್ಣಿಟ್ಟೆ. ಎಲ್ಲ ಮಂಜು ಮಂಜು, ಅದೂ ಕೆಂಪು ಮಂಜು. ನಾಣ್ಯದ ಗುರುತು ಎಲ್ಲೋ ಮುಳುಗಿಹೋಗಿದೆ. ಹೇಗೋ ಐದು ಹೊಡೆದೆ. ಹೋಗಿ ನೋಡಿದರೆ ರೊಟ್ಟಿಯಗಲಕ್ಕೆ ಚೆಲ್ಲಿಹೋಗಿವೆ. ಮಾರ್ಗರೆಟ್ ಕಾಗದವನ್ನೂ ನನ್ನನ್ನೂ ನೋಡಿ, “ಇನ್ನೊಂದು ವಾರ ಕೊಡ್ತೀನಿ ಡಾಕ್ಟರೇ” ಎಂದರು. ಆ ಮರ್ಯಾದೆಯ ದನಿಗೇ ನನ್ನ ಅರ್ಧ ಜೀವ ಹೋಯಿತು.

ಇನ್ನರ್ಧ ಜೀವ ದಾರಿಯಲ್ಲಿ ಹೋಯಿತು. ಕಣ್ಣಿಗೆ ಕೆಂಪು ಮಂಜು ಕವಿಯುವುದೆಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಣ್ಣೊಳಗೆ ರಕ್ತ ಇಳಿದರೆ ಹಾಗಾಗುತ್ತದೆ. ಬರಿಗಣ್ಣಿಗೆ ರಸ್ತೆ, ಮರ, ಬೋರ್ಡು ಎಲ್ಲ ಸ್ವಚ್ಛವಾಗಿಯೇ ಕಾಣುತ್ತಿದ್ದವು, ಆದರೆ ಹೆದರಿದವನಿಗೆ ಹಗ್ಗವೆಲ್ಲ ಹಾವು. ನನ್ನ ಕಣ್ಣು ಹೋದರೆ ನನ್ನ ಕೈಯೂ ಹೋದಂತೆ ತಾನೆ? ಸೋಮವಾರವೇ ಸಹೋದ್ಯೋಗಿಯ ಮುಂದೆ ಕೂತು ಕಣ್ಣಿಗೆ ಹನಿ ಹಾಕಿಸಿಕೊಂಡೆ. ಆಕೆ ಅರ್ಧ ಗಂಟೆ ಒಳಗೆಲ್ಲ ಬೆಳಕು ಬಿಟ್ಟು ನೋಡಿ, “ಏನೂ ಆಗಿಲ್ಲ, ಮನೆಗೆ ಹೋಗಿ” ಎಂದಳು. ಮನೆಯಲ್ಲಿ ವೀಣಾ ಬೇರೆ ರೋಗ ಕಂಡುಹಿಡಿದಳು. “ದೃಷ್ಟಿ ತಾಗಿದೆ ರೀ. ಬಂದೂಕಿನ ಫೋಟೋ ಊರಿಗೆಲ್ಲ ಕಳಿಸಿದ್ರಲ್ಲ.” ದೃಷ್ಟಿಯ ಡಾಕ್ಟರಿಗೇ ದೃಷ್ಟಿಯೇ ಎಂದು ರೇಗಿದೆ. ರೇಗಿದರೂ ಅವಳು ಉಪ್ಪು, ಮೆಣಸಿನಕಾಯಿ ನಿವಾಳಿಸುವಾಗ ತೆಪ್ಪಗೆ ಕೂತಿದ್ದೆ.

ಎರಡನೆಯ ಭಾನುವಾರ ಬಂತು. ಮೇಜಿನ ಮೇಲೆ ಬಂದೂಕಿಟ್ಟು, ಬೋಲ್ಟ್ ಹೊರಗೆ ತೆಗೆದು, ಮುಚ್ಚಳ ತೆರೆದು ಇಣುಕಿದೆ. ಅದೇ ಕೆಂಪು. ನನಗೆ ಅಳುವೇ ಬಂದಂತಾಯಿತು. ಜೇಬಿನಿಂದ ಅನುಮತಿ ಕಾಗದ ತೆಗೆದು, “ಆಗಲ್ಲ ಮಾರ್ಗರೆಟ್, ತಗೊಳ್ಳಿ” ಎಂದೆ. ಅವರು ಕಾಗದ ತೆಗೆದುಕೊಳ್ಳಲಿಲ್ಲ. ಮೇಜಿನ ಪಕ್ಕದಿಂದ ಬಗ್ಗಿ, ದುರ್ಬೀನಿನ ಮುಂದಿನ ಗಾಜನ್ನು ನೋಡಿ, “ಇದೇನಿದು ಕೆಂಪಗೆ? ಜಾಮ್ ಹಚ್ಚಿದ್ದೀರಾ?” ಎಂದರು. ಜೇಬಿನಿಂದ ಒಂದು ಚಿಕ್ಕ ನೀಲಿ ಬಟ್ಟೆ ತೆಗೆದು ನಾಲ್ಕು ಸಲ ಒರೆಸಿದರು. ನಮ್ಮ ಕ್ಲಿನಿಕ್ಕಿನಲ್ಲಿ ಕನ್ನಡಕಕ್ಕೆಂದು ಪ್ರತಿ ರೋಗಿಗೂ ಕೊಡುವ ಬಟ್ಟೆ ಅದು. ಕೊಡುವಾಗ ನಾನೇ ಹೇಳುವ ಮಾತೂ ಒಂದಿದೆ: “ಮಂಜು ಕಂಡರೆ ಗಾಬರಿ ಆಗಬೇಡಿ, ಮೊದಲು ಗಾಜು ಒರೆಸಿ ನೋಡಿ.” ಪುಣ್ಯಕ್ಕೆ ಅಜ್ಜಿ ಅದನ್ನು ನೆನಪಿಸಲಿಲ್ಲ.

ಐದೂ ಗುಂಡು ನಾಣ್ಯದೊಳಗೆ ಬಿದ್ದವು. ಒಂದರ ಮೇಲೊಂದು ಎರಡು! ಮಾರ್ಗರೆಟ್ ನಾಣ್ಯ ಇಟ್ಟು ಅಳೆದು, “ಕಾಗದ ನಿಮ್ಮ ಹತ್ತಿರವೇ ಇರಲಿ. ಚಿಗುರು ಉಳಿಯುತ್ತೆ” ಎಂದು ನನ್ನ ಕೈ ಹಿಡಿದುಕೊಂಡರು. ಆಗ ನನಗೆ ಹೆಮ್ಮೆ ಉಕ್ಕಿದ್ದು ಬಂದೂಕಿನ ಮೇಲಲ್ಲ, ಅಜ್ಜಿಯ ಆ ಎರಡು ಕಣ್ಣುಗಳ ಮೇಲೆ. ಎಂಥ ಕೆಲಸ ಮಾಡಿದ್ದೇನಪ್ಪಾ ಎಂದುಕೊಂಡೆ.

ಮನೆಗೆ ಬಂದವನೇ ವೀಣಾಳ ಮೇಲೆ ಹಾರಾಡಿದೆ. “ಗಾಜಿಗೆ ಗಂಧ ಕುಂಕುಮ ಮೆತ್ತೋರು ಯಾರಾದ್ರೂ ಇದಾರಾ? ಕಾರಿನ ದೀಪ ಅಂದ್ಕೊಂಡ್ಯಾ? ನಾಲ್ಕು ಜನದ ಮುಂದೆ ಮಾನ ಹೋಗ್ತಿತ್ತು!” ಅವಳು ಬಿಡಿಸುತ್ತಿದ್ದ ಬಟಾಣಿ ಬದಿಗಿಟ್ಟು, ಶಾಂತವಾಗಿ, “ನನಗೆಲ್ಲಿ ಲೈಸೆನ್ಸ್ ಇದೆ ರೀ?” ಎಂದಳು. ಆಮೇಲೆ ಫೋನಿನಲ್ಲಿ ಆ ದಿನದ ಫೋಟೋ ತೆಗೆದು, ಬೆರಳಿನಿಂದ ಹಿಗ್ಗಿಸಿ ನನ್ನ ಮೂಗಿನ ಮುಂದೆ ಹಿಡಿದಳು. ದುರ್ಬೀನಿನ ಗಾಜಿನ ನಟ್ಟನಡುವೆ ಕುಂಕುಮ ಒತ್ತುತ್ತಿರುವ ಉಂಗುರದ ಬೆರಳು ನನ್ನದೇ. ನನ್ನ ಕಣ್ಣು ಮಾತ್ರ ಗಾಜಿನ ಕಡೆ ಇಲ್ಲ. ಕ್ಯಾಮರಾ ನೋಡಿಕೊಂಡು ನಗುತ್ತಿದ್ದೇನೆ.