ಮರೆಗುಳಿ ಪೆಟ್ಟಿಗೆಯೂ ಬಿಡುಗಡೆ ಪತ್ರವೂ

ಪೀಣ್ಯದಲ್ಲಿ ಕರೆಂಟ್ ಹೋಗುವುದು ಸುದ್ದಿಯಲ್ಲ. ಬಂದ ಮೇಲೆ ಏನೇನು ವಾಪಸ್ ಬರಲಿಲ್ಲ ಎನ್ನುವುದು ಸುದ್ದಿ. ಅಂಥ ಸುದ್ದಿಗಳ ನಡುವೆ ನಾನು ಮೂರು ವರ್ಷ ಕಳೆದೆ.

ನಮ್ಮದು ಪಂಪ್ ಮಾಡುವ ಕಾರ್ಖಾನೆ. ಅಲ್ಲಿನ ನೆಟ್‌ವರ್ಕ್ ನನ್ನ ಪಾಲಿಗೆ ಬಿದ್ದಿತ್ತು. ಕಂಪ್ಯೂಟರು, ಪ್ರಿಂಟರುಗಳ ಕೇಬಲ್‌ಗಳೆಲ್ಲ ಬಂದು ಸೇರುವ ತಗಡಿನ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು. ಯಾವ ತೂತಿನಲ್ಲಿ ಯಾರಿದ್ದಾರೆ, ಯಾರು ಯಾರ ಜೊತೆ ಮಾತಾಡಬಹುದು ಎಂದು ಅದಕ್ಕೆ ಹೇಳಿಕೊಡುವುದೇ ಕಾನ್ಫಿಗರೇಷನ್. ಹೇಳಿದ್ದನ್ನು ತಕ್ಷಣ ಪಾಲಿಸುತ್ತದೆ. ಆದರೆ ಸೇವ್ ಮಾಡಿಕೋ ಎಂದು ಬೇರೆಯಾಗಿ ಹೇಳದಿದ್ದರೆ ಕರೆಂಟ್ ಹೋದಾಗ ಎಲ್ಲ ಮರೆಯುತ್ತದೆ. ಒಮ್ಮೆ ಹಾಗೆ ಮರೆತು, ಬಿಲ್ ಪ್ರಿಂಟಾಗದೆ ಅರ್ಧ ದಿನ ಲಾರಿಗಳು ಗೇಟಿನಲ್ಲಿ ನಿಂತವು. ಹೇಳದೆ ಬಿಟ್ಟವನು ನಾನೇ. ಅಂದಿನಿಂದ ಮ್ಯಾನೇಜರ್ ಬಾಯಿಗೆ ನಕಲು ತೆಗೆದಿಡುವ ಬ್ಯಾಕಪ್, ಅದನ್ನು ಮತ್ತೆ ತುಂಬುವ ರಿಸ್ಟೋರ್ ಎಂಬ ಎರಡು ಪದ ಅಂಟಿಕೊಂಡವು.

ಅಷ್ಟರಲ್ಲಿ ನನಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೇರೆ ಕೆಲಸ ಸಿಕ್ಕಿತು. ಹದಿನೈದು ದಿನದಲ್ಲಿ, ಒಂದು ಸೋಮವಾರ, ಇಲ್ಲಿಂದ ಬಿಡುಗಡೆ ಪತ್ರ, ಅಂದರೆ ರಿಲೀವಿಂಗ್ ಲೆಟರ್, ಹಿಡಿದು ಹೋಗಿ ಸೇರಬೇಕು. ಇಲ್ಲದಿದ್ದರೆ ಕೆಲಸ ಸಾಲಿನಲ್ಲಿರುವ ಮುಂದಿನವನಿಗೆ. ಮ್ಯಾನೇಜರ್ ಷರತ್ತು ಹಾಕಿದರು. ಆಫೀಸಿನದು, ಪೇಂಟ್ ಶೆಡ್ಡಿನದು, ಎರಡೂ ಸ್ವಿಚ್‌ಗಳ ಬ್ಯಾಕಪ್ ಆಗಬೇಕು, ಒಂದನ್ನು ಅವರ ಕಣ್ಣೆದುರೇ ಅಳಿಸಿ ರಿಸ್ಟೋರ್ ಮಾಡಿ ತೋರಿಸಬೇಕು. ಲೆಟರ್ ಆಮೇಲೆ.

ಪಾಸ್‌ವರ್ಡ್

ಪೇಂಟ್ ಶೆಡ್ಡಿನ ಸ್ವಿಚ್ ನನಗಿಂತ ಹಳೆಯ ನೌಕರ. ಮೂರು ವರ್ಷ ಅದರ ತಂಟೆಗೆ ಹೋಗಿರಲಿಲ್ಲ. ಈಗ ಹೋದರೆ ಪಾಸ್‌ವರ್ಡ್ ಕೇಳಿತು. ಗೊತ್ತಿದ್ದವನ್ನೆಲ್ಲ ಹಾಕಿದೆ. ಬೈಗುಳಗಳನ್ನೂ ಹಾಕಿ ನೋಡಿದೆ. ಜಗ್ಗಲಿಲ್ಲ.

ನನಗಿಂತ ಮುಂಚೆ ಈ ಕೆಲಸದಲ್ಲಿದ್ದವನಿಗೆ ಫೋನ್ ಮಾಡಿದೆ. ಅವನು ಬಿಟ್ಟು ಹೋದಾಗ ಕಂಪನಿ ರಿಲೀವಿಂಗ್ ಲೆಟರ್ ಕೊಟ್ಟಿರಲಿಲ್ಲ. ಸಿಟ್ಟು ಆರಿರಲಿಲ್ಲ. "ನನ್ನ ಲೆಟರ್ ಬಂದ ದಿನ ಪಾಸ್‌ವರ್ಡ್ ನೆನಪಾಗುತ್ತೆ, ಗುರು" ಎಂದ.

ನಾಲ್ಕು ದಿನ ಎಚ್‌ಆರ್ ಮೇಜಿನ ಮುಂದೆ ನಿಂತೆ. ಕೊನೆಗೆ ಲೆಟರ್ ಡ್ರಾಯರ್‌ನಲ್ಲೇ ಸಿಕ್ಕಿತು. ಮೂರು ವರ್ಷದ ಹಿಂದೆಯೇ ಸಹಿ ಆಗಿತ್ತು. ಅವನು ಬಂದು ಕೇಳಿಲ್ಲ, ಇವರು ಕರೆದು ಕೊಟ್ಟಿಲ್ಲ. ನಾಗಸಂದ್ರದ ಅವನ ಮನೆಗೆ ನಾನೇ ಒಯ್ದೆ. ಅವನು ಲೆಟರನ್ನು ಎರಡು ಸಲ ಓದಿದ, ಹೆಸರಿನ ಸ್ಪೆಲಿಂಗ್ ಸರಿಯಿದೆಯೇ ನೋಡಿದ, ಮಡಚಿ ಜೇಬಿಗಿಟ್ಟ.

"ಪಾಸ್‌ವರ್ಡ್ ಹಾಕೇ ಇರ್ಲಿಲ್ಲ ಕಣೋ. ಬರೀ ಎಂಟರ್ ಒತ್ತು."

ಎಷ್ಟು ಆಂಪ್ಸ್?

ಬ್ಯಾಕಪ್ಪನ್ನು ಪೆನ್ ಡ್ರೈವಿಗೆ ಹಾಕಿ ಸ್ಟೋರ್ಸ್‌ನಲ್ಲಿ ಇಡಬೇಕೆಂದು ಆಜ್ಞೆಯಾಯಿತು. ನಮ್ಮ ಸ್ಟೋರ್‌ಕೀಪರ್ ರಿಜಿಸ್ಟರಿನಲ್ಲಿ ಬರೆಯದೆ ಗಾಳಿಯನ್ನೂ ಒಳಗೆ ಬಿಡುವವರಲ್ಲ. ಬೇಕೆಂದು ಬರೆದುಕೊಟ್ಟ ಇಂಡೆಂಟ್ ಚೀಟಿ ಇಲ್ಲದೆ ಹೊರಗೂ ಬಿಡುವವರಲ್ಲ. ಇದೇನು ಎಂದು ಕೇಳಿದರು. ಸ್ವಿಚ್‌ಗೆ ಸಂಬಂಧಪಟ್ಟಿದ್ದು ಎಂದೆ. 'ಸ್ವಿಚ್ – ಒಂದು' ಎಂದು ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಎರಡು ದಿನ ಬಿಟ್ಟು ಎಲೆಕ್ಟ್ರಿಷಿಯನ್ ಬಂದ. ಗದಗದ ಕಡೆಯವನು, ನಿಧಾನಸ್ಥ. ಕ್ಯಾಂಟೀನಿನ ಫ್ಯಾನಿಗೆ ಒಂದು ಸ್ವಿಚ್ ಬೇಕೆಂದು ಇಂಡೆಂಟ್ ಕೊಟ್ಟಿದ್ದನಂತೆ. ಅಂಗೈ ಬಿಚ್ಚಿ ನನ್ನ ಪೆನ್ ಡ್ರೈವ್ ತೋರಿಸಿದ.

"ಸರ, ಇದು ಎಷ್ಟ ಆಂಪ್ಸಿಂದೈತ್ರಿ?"

ಪ್ರಾತ್ಯಕ್ಷಿಕೆ

ಉಳಿದದ್ದು ರಿಸ್ಟೋರ್ ಒಂದೇ. ಆಯುಧಪೂಜೆಯ ರಜೆ ಮುಗಿದು ಕಾರ್ಖಾನೆ ತೆರೆಯುವ ಶುಕ್ರವಾರಕ್ಕೆ ಅದು ನಿಗದಿಯಾಯಿತು. ನಾನು ಹೊಸ ಕೆಲಸಕ್ಕೆ ಸೇರಬೇಕಾದ ಸೋಮವಾರಕ್ಕೆ ಮುಂಚಿನ ಶುಕ್ರವಾರ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಆಫೀಸಿನ ಸ್ವಿಚ್‌ಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಬಾಡಿದ ಸೇವಂತಿಗೆ. ಮ್ಯಾನೇಜರ್ ಎದುರಿಗೇ ಅಳಿಸಿದೆ. ಪೆನ್ ಡ್ರೈವಿನಿಂದ ರಿಸ್ಟೋರ್ ಮಾಡಿದೆ. ಯಶಸ್ವಿ ಎಂದು ತೆರೆಯ ಮೇಲೆ ಬಂತು. ಮ್ಯಾನೇಜರ್ ನಂಬಲಿಲ್ಲ.

"ನಿಮ್ಮ ಲೆಟರನ್ನೇ ಪ್ರಿಂಟ್ ಕೊಡ್ತೀನಿ. ಬಂದ್ರೆ ನೀವು ಹೊರಡಿ. ಬರ್ಲಿಲ್ಲ ಅಂದ್ರೆ ಇಲ್ಲೇ ಇರಿ."

ಒತ್ತಿದರು. ಪ್ರಿಂಟ್ ಆಯಿತು ಎಂದು ಕಂಪ್ಯೂಟರ್ ಹೇಳಿತು. ಪಕ್ಕದ ಪ್ರಿಂಟರ್ ಮಾತ್ರ ಉಸಿರೆತ್ತಲಿಲ್ಲ. ಮ್ಯಾನೇಜರ್ ಮುಖದಲ್ಲಿ ಒಂದು ತೃಪ್ತಿ ಮೂಡಿತು.

ಸ್ವಿಚ್ ಹತ್ತಿರ ಹೋಗಿ ನೋಡಿದೆ. ಕೇಬಲ್‌ಗಳು ಎಂದೂ ಇಲ್ಲದಷ್ಟು ಚೆಂದವಾಗಿದ್ದವು. ನೀಲಿಯೆಲ್ಲ ಒಂದು ಕಡೆ, ಹಳದಿಯೆಲ್ಲ ಒಂದು ಕಡೆ. ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಪೂಜೆಗೆ ಮುಂಚೆ ಎಲ್ಲ ಕಿತ್ತು, ಪೆಟ್ಟಿಗೆ ಒರೆಸಿ, ಬಣ್ಣ ನೋಡಿ ಜೋಡಿಸಿದ್ದಾಗಿ ಹೇಳಿದ. "ಹೊಲಸಾಗಿತ್ರಿ ಸರ. ದೇವರ ಕೆಲಸ ಅಲ್ಲೇನ್ರೀ?" ಎಂದ. ಯಾವ ತೂತಿನಲ್ಲಿ ಯಾವ ಪ್ರಿಂಟರ್ ಎಂದು ಪೆಟ್ಟಿಗೆ ನೆನಪಿಟ್ಟಿದ್ದದ್ದು ಸರಿಯಾಗಿಯೇ ಇತ್ತು. ಆದರೆ ಮ್ಯಾನೇಜರ್ ಪ್ರಿಂಟರ್ ಇರಬೇಕಾದ ತೂತಿನಲ್ಲಿ ಈಗ ಸ್ಟೋರ್ಸಿನ ಪ್ರಿಂಟರ್ ಇತ್ತು.

ಓಡಿದೆ. ಸ್ಟೋರ್‌ಕೀಪರ್ ಆಗಲೇ 'ಲೆಟರ್ – ಒಂದು' ಎಂದು ಬರೆದು ಬೀರುವಿಗೆ ಬೀಗ ಹಾಕಿದ್ದರು. ಇಂಡೆಂಟ್ ಬರೆದುಕೊಟ್ಟೆ. ಕನ್ನಡಕ ಏರಿಸಿ ಚೀಟಿ ನೋಡಿದರು, ನನ್ನನ್ನು ನೋಡಿದರು.

"ಲೆಟರ್ ಓದಿದೀನಿ ಸಾರ್. ಇವತ್ತಿಂದ ನೀವು ಈ ಕಂಪನಿಯೋರಲ್ಲ. ಹೊರಗಿನೋರಿಗೆ ಸ್ಟೋರ್ಸಿಂದ ಏನೂ ಕೊಡಂಗಿಲ್ಲ."