ಕುಂಕುಮ ಹಚ್ಚಿದ ಕಂಪ್ಯೂಟರು

ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಅಷ್ಟು ವರ್ಷಗಳಲ್ಲಿ ನಗು ತಡೆಯಲಾಗದೆ ತರಗತಿಯಿಂದ ಹೊರಗೆ ಓಡಿ ಬಂದದ್ದು ಎರಡೋ ಮೂರೋ ಸಲ ಇರಬೇಕು. ಆದರೆ ಒಂಬತ್ತನೇ ತರಗತಿಗೆ ‘ಸಂವಹನ ಮತ್ತು ಕಂಪ್ಯೂಟರ್ ಕೌಶಲ’ ಎಂಬ ಐಚ್ಛಿಕ ವಿಷಯ ಬಂದು, ಅದನ್ನು ನನ್ನ ತಲೆಗೆ ಕಟ್ಟಿದ ಮೇಲೆ ವಾರಕ್ಕೊಂದಾದರೂ ಏನಾದರೊಂದು ಆಗುತ್ತಲೇ ಇದೆ. ಮುಲುಂಡಿನ ಲೋಕಲ್ ರೈಲಿನಲ್ಲಿ ಒಬ್ಬಳೇ ಕೂತು ನಗುವ ಹೆಂಗಸನ್ನು ನೀವು ಕಂಡಿದ್ದರೆ, ಅದು ನಾನೇ.

ನಮ್ಮದು ಬೈಕುಲ್ಲಾ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಕನ್ನಡ ಮಾಧ್ಯಮದ ಹೈಸ್ಕೂಲು. ಹೋಟೆಲಿನಲ್ಲಿ ದುಡಿಯುವ ಉಡುಪಿ ಕಡೆಯವರ ಮಕ್ಕಳು, ಕಟ್ಟಡದ ಕೆಲಸಕ್ಕೆ, ಸೊಪ್ಪಿನ ವ್ಯಾಪಾರಕ್ಕೆ ಎಂದು ಬಂದ ವಿಜಯಪುರ ಕಡೆಯವರ ಮಕ್ಕಳು, ಎಲ್ಲ ಸೇರಿ ಈ ವಿಷಯಕ್ಕೆ ಇಪ್ಪತ್ತೆರಡು ಜನ. ವಿಷಯವನ್ನು ಒಂದು ವರ್ಷದ ಮಟ್ಟಿಗೆ ಪ್ರಯೋಗ ಎಂದು ಕೊಟ್ಟಿದ್ದರು. ಇಲಾಖೆಯ ಸಾಹೇಬರೊಬ್ಬರು ಬಂದು ನೋಡಿ ಸರಿ ಎಂದರೆ ಮುಂದುವರಿಯುತ್ತದೆ. ಬೇಡ ಎಂದರೆ ಕೋಣೆಗೆ ಬೀಗ. ಹಾಗಾದರೆ ಕಂಪ್ಯೂಟರಿನ ಆಸೆಗೆ ಉಳಿದ ಅರ್ಧ ಮಕ್ಕಳು ಹತ್ತನೆಯ ತರಗತಿಗೆ ಶಾಲೆಯನ್ನೇ ಬಿಟ್ಟು ಹೋಗುತ್ತಾರೆ ಎಂದು ನಮಗೆಲ್ಲ ಗೊತ್ತಿತ್ತು. ಹಾಗಾಗಿ ಎಷ್ಟೇ ನಕ್ಕರೂ ಆ ಸಾಹೇಬರನ್ನು ಮರೆಯುವಂತಿರಲಿಲ್ಲ.

ನನ್ನ ಅರ್ಹತೆ

“ಈ ವಿಷಯ ಯಾರು ತಗೋತೀರಿ?” ಎಂದು ಹೆಡ್ ಮಾಸ್ತರು ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿಗೆ ಬಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಡಬ್ಬಿಯೊಳಗೆ ಇಣುಕತೊಡಗಿದರು. ಗಣಿತದವರಂತೂ ಮುಚ್ಚಳವನ್ನೂ ತಿರುಗಿಸಿ ನೋಡಿದರು. ನಾನು ಆಗಷ್ಟೇ ಡಬ್ಬಿ ತೊಳೆದು ಬಂದಿದ್ದೆ. ಇಣುಕಲು ಏನೂ ಇರಲಿಲ್ಲ, ಸಿಕ್ಕಿಬಿದ್ದೆ.

“ನಿಮ್ಮ ಮನೇಲಿ ಕಂಪ್ಯೂಟರ್ ಇದೆಯಲ್ಲ ಟೀಚರ್?”

“ಇದೆ ಸರ್. ಆದ್ರೆ ಅದರ ಮೇಲೆ ನಾವು ಇಸ್ತ್ರಿ ಬಟ್ಟೆ ಇಡ್ತೀವಿ.”

“ಅಂದ್ರೆ ದಿನಾ ಮುಟ್ಟಿ ಅಭ್ಯಾಸ ಇದೆ,” ಎಂದು ಅವರು ನನ್ನ ಹೆಸರು ಬರೆದುಕೊಂಡರು.

ಗಿರಾಕಿಯಾದ ಟೀಚರ್

ಆ ಬೇಸಿಗೆ ರಜೆಯಲ್ಲಿ ಬಟ್ಟೆ ಬೇರೆ ಕಡೆ ಇಟ್ಟು ಕಂಪ್ಯೂಟರ್ ಕಲಿತೆ. ಸಂವಹನ ನನಗೆ ಬರುತ್ತದೆ ಎಂದೇ ತಿಳಿದಿದ್ದೆ. ಆ ಭ್ರಮೆಯನ್ನು ಬಿಡಿಸಿದವಳು ಒಬ್ಬ ಹುಡುಗಿ.

ಅವಳ ತಾಯಿ ಬೆಳಗ್ಗೆ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಂಡು ತಂದು ಫುಟ್‌ಪಾತಿನಲ್ಲಿ ಮಾರುತ್ತಾರೆ. ಹುಡುಗಿ ಏಳು ಗಂಟೆಯವರೆಗೆ ತಾಯಿಯ ಜೊತೆ ಕೂತು, ಆಮೇಲೆ ಶಾಲೆಗೆ ಬರುತ್ತಾಳೆ. ಮರಾಠಿ, ಹಿಂದಿ, ಗುಜರಾತಿ, ಕನ್ನಡ, ಯಾವುದರಲ್ಲಿ ಬೇಕಾದರೂ ಮಾತಾಡುತ್ತಾಳೆ. ನಿಲ್ಲಿಸುವುದು ಮಾತ್ರ ಯಾವುದರಲ್ಲೂ ಬರುವುದಿಲ್ಲ.

ನಮ್ಮ ಪುಸ್ತಕದಲ್ಲಿ ‘ಉತ್ತಮ ಸಂವಹನಕಾರರು ಮೆಲ್ಲಗೆ ಮಾತಾಡುತ್ತಾರೆ, ಎದುರಿನವರ ಮಾತಿಗೆ ಅಡ್ಡ ಬರುವುದಿಲ್ಲ, ನಿರ್ಧಾರವನ್ನು ಗಿರಾಕಿಗೇ ಬಿಡುತ್ತಾರೆ’ ಎಂದಿದೆ. ಅಭ್ಯಾಸಕ್ಕೆಂದು ನಾನು ಗಿರಾಕಿಯಾದೆ, ಅವಳು ಅಂಗಡಿಯವಳಾದಳು.

“ಈಗ ಬೇಡಮ್ಮ, ಆಮೇಲೆ ಬರ್ತೀನಿ,” ಎಂದೆ, ಪುಸ್ತಕದಲ್ಲಿ ಇದ್ದ ಹಾಗೆ.

“ಆಮ್ಯಾಗ ಬರ್ತೀನಿ ಅಂದ ಗಿರಾಕಿ ತಿರುಗಿ ಬರೂದಿಲ್ರಿ ಟೀಚರ್, ನಮ್ಮವ್ವ ಹೇಳ್ತಾಳ. ಈಗಲೇ ತಗೋರಿ. ನಿಮ್ಮ ಮನ್ಯಾಗ ಸಂಜೀಗೆ ಏನ್ ಪಲ್ಯ? ಇನ್ನೂ ವಿಚಾರ ಮಾಡಿಲ್ಲೋ? ನನಗ ಗೊತ್ತಿತ್ತು. ಮುಖ ನೋಡಿದ್ರ ತಿಳೀತದ.”

ಎದುರಿನವರ ಮಾತನ್ನು ಕೇಳಿಸಿಕೊಳ್ಳುವುದಿಲ್ಲ ಎಂದು ‘ಆಲಿಸುವಿಕೆ’ಗೆ ಹತ್ತಕ್ಕೆ ಎರಡು ಅಂಕ ಕೊಟ್ಟೆ. ಆ ದಿನ ಸಂಜೆ ಲೋಕಲ್ ಹತ್ತಿದಾಗ ನನ್ನ ಚೀಲದಲ್ಲಿ ಎರಡು ಕಟ್ಟು ಮೆಂತ್ಯದ ಸೊಪ್ಪಿತ್ತು.

ಕ್ಯಾಲೆಂಡರಿನ ಹಿಂದೆ

ಇರುವ ಕಂಪ್ಯೂಟರು ಹತ್ತು. ಅವುಗಳಲ್ಲಿ ಹೇಳಿದ ಮಾತು ಕೇಳುವಂಥವು ನಾಲ್ಕು. ಇಪ್ಪತ್ತೆರಡು ಮಕ್ಕಳಿಗೆ ಬೆರಳು ಪಳಗಬೇಕಲ್ಲ? ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಕೀಬೋರ್ಡಿನ ಚಿತ್ರ ಬರೆಸಿದೆ. ಸ್ಕೇಲು ಹಿಡಿದು, ಒಂದೊಂದು ಕೀಗೂ ಚೌಕ ಹಾಕಿ ಎಷ್ಟು ಚೆನ್ನಾಗಿ ಬರೆದರೆಂದರೆ, ಹೆಡ್ ಮಾಸ್ತರು ಬಂದು ಒಂದನ್ನು ಒತ್ತಿ ನೋಡಿದರು. ಕಣ್ಣು ಮುಚ್ಚಿಕೊಂಡು ಕಾಗದದ ಮೇಲೆ ಟೈಪ್ ಮಾಡುವುದು ನಮ್ಮ ತರಗತಿಯ ದಿನದ ಪಾಠವಾಯಿತು.

ಒಂದು ದಿನ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆ ಮಾಡುವವರ ಮಗನೊಬ್ಬನ ಅಜ್ಜಿ, ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಾ ನನ್ನನ್ನು ಹುಡುಕಿಕೊಂಡು ಬಂದರು. ಹುಡುಗ ಭಾರಿ ಶಿಸ್ತಿನವನು. ಮನೆಯಲ್ಲಿ ಹಳೆಯ ಕ್ಯಾಲೆಂಡರ್ ಸಿಗಲಿಲ್ಲವೆಂದು ಈ ವರ್ಷದ್ದರ ಹಿಂದೆಯೇ ಕೀಬೋರ್ಡ್ ಬರೆದು, ತಿರುಗಿಸಿ ನೇತು ಹಾಕಿ ದಿನಾ ಅಭ್ಯಾಸ ಮಾಡುತ್ತಿದ್ದನಂತೆ.

“ಎಂತ ಟೀಚರ್ ಇದು? ನನಗೆ ದಿವಸ ಗೊತ್ತಾಗ್ಲಿಲ್ಲ. ನಿಮ್ಮ ಕಂಪ್ಯೂಟರಿಂದ ನನ್ನ ಏಕಾದಶಿ ತಪ್ಪಿಹೋಯ್ತು. ಆ ದಿವಸ ನಾನು ಎರಡು ಸಲ ಅನ್ನ ಉಂಡಿದ್ದೇನೆ!”

ನಾನು ಕೈಮುಗಿದು ತಪ್ಪಾಯಿತು ಎಂದೆ. ಅವರು ಸ್ವಲ್ಪ ತಣ್ಣಗಾಗಿ, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: “ಆ ಮಿಷಿನಲ್ಲಿ ಏಕಾದಶಿ ಯಾವಾಗ ಅಂತ ಬರ್ತದಾ?”

ರಜೆಯ ಮೇಲ್

ರಜೆ ಬೇಕಾದವರು ಇನ್ನು ಮುಂದೆ ಹೆಡ್ ಮಾಸ್ತರಿಗೆ ಈಮೇಲ್ ಕಳಿಸಬೇಕು ಎಂದು ನಿಯಮ ಮಾಡಿದೆ. ಕಲಿತದ್ದು ಉಪಯೋಗಕ್ಕೆ ಬರಲಿ ಎಂಬ ಆಸೆ. ಮೊದಲ ಮೇಲ್ ಅದೇ ಶಿಸ್ತಿನ ಹುಡುಗನದು. ಜ್ವರ, ಎರಡು ದಿನ ರಜೆ ಬೇಕು, ವಿನಂತಿ, ವಂದನೆ, ಎಲ್ಲ ಸರಿಯಾಗಿತ್ತು. ನಾನು ಹಿಗ್ಗಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ.

ಹತ್ತು ನಿಮಿಷದಲ್ಲಿ ಯೂನಿಫಾರಂ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಹುಡುಗನೇ ಬಾಗಿಲಲ್ಲಿ ನಿಂತಿದ್ದ.

“ಏನೋ, ಜ್ವರ ಅಂದಿದ್ದೆ?”

“ಹೌದು ಟೀಚರ್. ಮೇಲ್ ಬಂತಾ ಅಂತ ಕೇಳಿ ಹೋಗುವ ಅಂತ ಬಂದೆ.”

ನವಮಿಯ ದಿನ

ಸಾಹೇಬರು ದೀಪಾವಳಿ ರಜೆ ಕಳೆದ ಮೇಲೆ ಬರುತ್ತಾರೆ ಎಂದು ಹೆಡ್ ಮಾಸ್ತರಿಗೆ ಯಾರೋ ಹೇಳಿದ್ದರು. ಅವರು ಅದನ್ನು ಪೂರ್ತಿ ನಂಬಿದ್ದರು. ನಾನು ಆಗಿನಿಂದಲೇ ತಯಾರಿ ಶುರು ಮಾಡಿದ್ದೆ. ಮೊದಲ ಕೆಲಸವೆಂದರೆ ಸೊಪ್ಪಿನವರ ಮಗಳನ್ನು ಕರೆದು ಭಾಷೆ ತೆಗೆದುಕೊಂಡದ್ದು: “ಸಾಹೇಬರು ಬಂದಾಗ ನಾನು ಹೇಳದೆ ನೀನು ಬಾಯಿ ತೆರೆಯಕೂಡದು.” ಅವಳು ಬಹಳ ಬೇಸರದಿಂದ ಹೂಂ ಎಂದಿದ್ದಳು.

ನವರಾತ್ರಿಯ ನವಮಿಯ ದಿನ ನಮ್ಮ ಶಾಲೆಯಲ್ಲಿ ಆಯುಧಪೂಜೆ ಮಾಡುವುದು ಮೊದಲಿನಿಂದ ಬಂದದ್ದು. ಈ ಸಲ ನಮ್ಮ ಪ್ಯೂನ್ ಅಣ್ಣ ಕಂಪ್ಯೂಟರುಗಳನ್ನೂ ಸೇರಿಸಿದರು. ಉಡುಪಿ ಕಡೆಯವರು, ಮಾಡಿದರೆ ಅರ್ಧಂಬರ್ಧ ಮಾಡುವವರಲ್ಲ. ಹತ್ತೂ ಕಂಪ್ಯೂಟರುಗಳನ್ನು ಒರೆಸಿ, ಗಂಧ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಒಂದೊಂದು ಮೌಸಿನ ಮೇಲೂ ಒಂದೊಂದು ದಾಸವಾಳ ಇಟ್ಟಿದ್ದರು. ಸ್ವಿಚ್ ಬೋರ್ಡಿಗೂ ಬೊಟ್ಟು. ಮಂಗಳಾರತಿ ಆಗಿ ಮಕ್ಕಳು ಅವಲಕ್ಕಿ ಪ್ರಸಾದ ತಿನ್ನುತ್ತಿದ್ದರು.

ಆಗ ಮೆಟ್ಟಿಲು ಹತ್ತಿ ಸಾಹೇಬರು ಬಂದರು. ಬೆವರು ಒರೆಸಿಕೊಳ್ಳುತ್ತಾ, “ಈ ಕಡೆ ಬಂದಿದ್ದೆ, ಇದನ್ನೂ ಮುಗಿಸಿಬಿಡೋಣ ಎಂದುಕೊಂಡೆ. ಕಂಪ್ಯೂಟರ್ ಚಾಲೂ ಮಾಡಿ, ಮಕ್ಕಳು ಏನು ಕಲಿತಿದ್ದಾರೆ ನೋಡುತ್ತೇನೆ,” ಎಂದರು ಮರಾಠಿಯಲ್ಲಿ.

ಹೆಡ್ ಮಾಸ್ತರು ಪ್ಯೂನ್ ಅಣ್ಣನ ಕಡೆ ನೋಡಿದರು. ಪ್ಯೂನ್ ಅಣ್ಣ ಸ್ವಿಚ್ ಬೋರ್ಡಿಗೆ ಅಡ್ಡ ನಿಂತರು.

“ಪೂಜೆ ಆದ ಮೇಲೆ ಮುಟ್ಲಿಕ್ಕೆ ಇಲ್ಲ ಸರ್. ನಾಳೆ ದಶಮಿ ಪೂಜೆ ಆಗ್ಬೇಕು. ಈಗ ಮುಟ್ಟಿ ಏನಾದ್ರೂ ಹೆಚ್ಚು ಕಡಿಮೆ ಆದ್ರೆ ಯಾರು ಜವಾಬ್ದಾರಿ?”

ಅವರಿಗೆ ಎದುರಾಡುವ ಧೈರ್ಯ ಹೆಡ್ ಮಾಸ್ತರಿಗೆ ಯಾವತ್ತೂ ಇರಲಿಲ್ಲ. ಸಾಹೇಬರ ಹುಬ್ಬು ಗಂಟಾಯಿತು. ಇಷ್ಟು ತಿಂಗಳು ಮಾಡಿದ್ದೆಲ್ಲ ಒಂದು ದಾಸವಾಳದ ಕೆಳಗೆ ಸಿಕ್ಕಿಕೊಂಡಿತಲ್ಲ ಎಂದುಕೊಂಡೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ನನ್ನ ಮರಾಠಿ ಲೋಕಲ್‌ನಲ್ಲಿ ಸೀಟು ಕೇಳಿ ಕೇಳಿ ಕಲಿತದ್ದು. ಗಾಬರಿಯಲ್ಲಿ ಅದೇ ಬಂತು.

“ಜರಾ ಸರಕಾ,” ಎಂದುಬಿಟ್ಟೆ. ಸ್ವಲ್ಪ ಸರಿಯಿರಿ ಎಂದು! ಪಾಪ, ಸಾಹೇಬರು ಸರಿದು ನಿಂತರು.

ಸೊಪ್ಪಿನವರ ಮಗಳ ಕಡೆ ನೋಡಿದೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣು ಅರಳಿಸಿ ನನ್ನನ್ನೇ ನೋಡುತ್ತಿದ್ದಳು. ಕೊಟ್ಟ ಭಾಷೆ ಉಳಿಸಿಕೊಳ್ಳಲು ಅವಳು ಪಡುತ್ತಿದ್ದ ಪಾಡು ದೇವರಿಗೇ ಪ್ರೀತಿ.

“ಮಾತಾಡೇ ತಾಯಿ!” ಎಂದೆ.

ಕೈ ತೆಗೆದಳು. “ಎಷ್ಟೊತ್ತರಿ ಟೀಚರ್?”

“ಎಷ್ಟು ಹೊತ್ತಾದರೂ!”

ಅಲ್ಲಿಂದ ಮುಂದೆ ಎಲ್ಲ ಮರಾಠಿಯಲ್ಲಿ, ಮಳೆ ಸುರಿದ ಹಾಗೆ. ಮೊದಲು ಸಾಹೇಬರಿಗೆ ಕುರ್ಚಿ ಎಳೆದು ಹಾಕಿದಳು, ನೀರು ಕೊಟ್ಟಳು, ಊರು ಕೇಳಿದಳು. ಸೊಲ್ಲಾಪುರದವರಂತೆ. ಆಮೇಲೆ ಕೇಳಿದಳು, “ನಿಮ್ಮ ಮನೆಯಲ್ಲಿ ಇವತ್ತು ಪೂಜೆ ಆಯಿತಾ ಸಾಹೇಬ್?”

“ಬೆಳಗ್ಗೆಯೇ ಆಯಿತು.”

“ನಿಮ್ಮ ಹತ್ತಿರ ಸ್ಕೂಟರ್ ಇದೆಯಾ?”

“ಇದೆ.”

“ಮತ್ತೆ ಲೋಕಲ್‌ನಲ್ಲಿ ಯಾಕೆ ಬಂದಿರಿ? ನಿಮ್ಮ ಅಂಗಿ ನೋಡಿದರೇ ತಿಳಿಯುತ್ತದೆ.”

ಸಾಹೇಬರು ಮುದುರಿದ ಅಂಗಿಯನ್ನು ಒಮ್ಮೆ ನೋಡಿಕೊಂಡರು. ಮೆಲ್ಲಗೆ ಹೇಳಿದರು, “ಹಾರ ಹಾಕಿದ ಗಾಡಿ ಇವತ್ತು ತೆಗೆಯಬಾರದು ಎಂದು ಮನೆಯವರು ಕೀ ಕೊಡಲಿಲ್ಲ.”

ಪ್ಯೂನ್ ಅಣ್ಣ ಸ್ವಿಚ್ ಬೋರ್ಡಿನ ಹತ್ತಿರದಿಂದಲೇ ತಲೆಯಾಡಿಸಿದರು. ಇಡೀ ಕೋಣೆ ನಕ್ಕಿತು. ಸಾಹೇಬರೂ ನಕ್ಕರು. ಆದರೆ ಕೆಲಸದಲ್ಲಿ ಕಟ್ಟುನಿಟ್ಟಿನವರು, ಅಷ್ಟಕ್ಕೆ ಬಿಡಲಿಲ್ಲ. “ಅದೆಲ್ಲ ಸರಿ. ನೋಡದೆ ನಾನು ಏನು ಬರೆಯಲಿ?”

“ಕಂಪ್ಯೂಟರ್ ಮುಟ್ಟದೆ ತೋರಿಸುತ್ತೇವೆ,” ಎಂದು ಹುಡುಗಿ ಬೀರುವಿನಿಂದ ಕ್ಯಾಲೆಂಡರುಗಳನ್ನು ತೆಗೆದು ಹಂಚಿದಳು.

ಸಾಹೇಬರು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿದರು. ಇಪ್ಪತ್ತೆರಡು ಮಕ್ಕಳು ಕಣ್ಣು ಮುಚ್ಚಿಕೊಂಡು ಕಾಗದದ ಮೇಲೆ ಟೈಪ್ ಮಾಡತೊಡಗಿದರು. ಬೆರಳುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸಾಹೇಬರು ಬೆಂಚುಗಳ ನಡುವೆ ನಡೆಯುತ್ತಾ, ಯಾವ ಬೆರಳು ಎಲ್ಲಿ ಬೀಳುತ್ತದೆ ಎಂದು ಬಗ್ಗಿ ಬಗ್ಗಿ ನೋಡಿದರು. ಏಕಾದಶಿ ತಪ್ಪಿಸಿದ ಹುಡುಗ ನಡುವೆ ನಿಲ್ಲಿಸಿ, ಮುಖ ಸಿಂಡರಿಸಿ, ಮೂಲೆಯ ಒಂದು ಚೌಕವನ್ನು ಒಮ್ಮೆ ಒತ್ತಿ ಮತ್ತೆ ಮುಂದುವರಿಸಿದ.

“ಏನಾಯಿತು?” ಎಂದರು ಸಾಹೇಬರು.

“ಸ್ಪೇಸ್ ಎರಡು ಸಲ ಬಿತ್ತು ಸರ್. ಒಂದು ತೆಗೆದೆ.”

ಸಾಹೇಬರು ಕನ್ನಡಕ ಹಾಕಿಕೊಂಡು ಆ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದರು. “ಈಗ ಸರಿಯಾಗಿದೆ,” ಎಂದರು.

ಯಾರೂ ಕಾಣದ ತಪ್ಪನ್ನು, ಕಾಗದದ ಮೇಲೆ, ತಾನಾಗಿ ತಿದ್ದಿಕೊಳ್ಳುವ ಮಕ್ಕಳು ನನ್ನ ತರಗತಿಯವರು ಎಂದು ಬೈಕುಲ್ಲಾ ಸೇತುವೆಯ ಮೇಲೆ ನಿಂತು ಕೂಗಿ ಹೇಳಬೇಕು ಅನ್ನಿಸಿತು.

“ಬಹಳ ಸಂತೋಷ,” ಎಂದು ಸಾಹೇಬರು ಬಾಗಿಲ ಕಡೆ ತಿರುಗಿದರು. “ಆಫೀಸಿಗೆ ಹೋಗಿ ಆಮೇಲೆ ಬರೆದು ಕಳಿಸುತ್ತೇನೆ.”

ಹೆಡ್ ಮಾಸ್ತರು ಆಗಲೇ ಕೈಮುಗಿದಿದ್ದರು. ಹುಡುಗಿ ನನ್ನ ಮುಖ ನೋಡಿದಳು. ‘ಆಮೇಲೆ’ ಎಂದ ಗಿರಾಕಿಯನ್ನು ಬಿಡುವ ಮನೆತನವೇ ಅದು? ನಾನು ತಲೆಯಾಡಿಸಿದೆ.

“ಈಗಲೇ ಬರೆಯಿರಿ ಸಾಹೇಬ್. ಅಷ್ಟರಲ್ಲಿ ಪ್ರಸಾದ ತರುತ್ತೇನೆ.”

ಸಾಹೇಬರು ಸಂಕೋಚದಿಂದ ಜೇಬಿನ ಪೆನ್ನು ತೆಗೆದು ತೋರಿಸಿದರು. ಅದರ ಮೇಲೂ ಒಂದು ಕುಂಕುಮದ ಬೊಟ್ಟು.

“ಮನೆಯವರು ಇದನ್ನೂ ಬಿಟ್ಟಿಲ್ಲ.”

ಹುಡುಗಿ ಕಂಪಾಸ್ ಬಾಕ್ಸಿನಿಂದ ತನ್ನ ಪೆನ್ನು ತೆಗೆದು ಮುಂದೆ ಹಿಡಿದಳು. “ಇದನ್ನು ಪೂಜೆಗೆ ಇಟ್ಟಿಲ್ಲ. ಬೇಕಾಗಬಹುದು ಎಂದು ಒಂದನ್ನು ಹೊರಗೇ ಇಟ್ಟುಕೊಂಡಿದ್ದೆ.”

ಹೆಡ್ ಮಾಸ್ತರು ವಿಸಿಟ್ ಬುಕ್ ತರಲು ಓಡಿದರು. ಸಾಹೇಬರು ಅಲ್ಲೇ ಕೂತು ಬರೆದರು: ‘ಈ ವಿಷಯವನ್ನು ಮುಂದುವರಿಸಬಹುದು. ಮಕ್ಕಳ ಸಂವಹನ ಕೌಶಲ ಅತ್ಯುತ್ತಮ. ಕಂಪ್ಯೂಟರುಗಳನ್ನು ಬಹಳ ಭಕ್ತಿಯಿಂದ ಇಟ್ಟುಕೊಂಡಿದ್ದಾರೆ.’

ಅವರು ಮೆಟ್ಟಿಲಿಳಿದು ಹೋದ ಮೇಲೆ ಕೋಣೆಯಲ್ಲಿ ಎದ್ದ ಗದ್ದಲಕ್ಕೆ ಒಂದು ಕಂಪ್ಯೂಟರಿನ ಹಾರವೇ ಬಿದ್ದುಹೋಯಿತು. ನಾನು ಅಂಕಗಳ ಪುಸ್ತಕ ತೆರೆದೆ. ಅವಳ ಹೆಸರಿನ ಮುಂದೆ, ಆಲಿಸುವಿಕೆಗೆ ಹತ್ತಕ್ಕೆ ಎರಡು. ನನಗೆ ನಾಚಿಕೆಯಾಯಿತು. ಸಾಹೇಬರ ಅಂಗಿಯವರೆಗೆ ಗಮನಿಸಿದ ಹುಡುಗಿ, ನನ್ನ ಮಾತಿಗೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡು ಕೂತ ಹುಡುಗಿ!

“ಆ ಪೆನ್ನು ಇಲ್ಲಿ ಕೊಡೇ,” ಎಂದು ಕೈ ಚಾಚಿದೆ. “ನಿನ್ನ ಅಂಕ ತಿದ್ದಬೇಕು.”

ಅವಳು ಪೆನ್ನನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

“ಎಷ್ಟ್ ಮಾಡ್ತೀರಿ, ಮೊದಲ ಹೇಳ್ರಿ ಟೀಚರ್.”